ಕಡಿಮೆ ಬಜೆಟ್‌ನ ಮನೆ ಪ್ರೊಜೆಕ್ಟರ್: ಯಾವುದು ತಗೊಂಡಿರಿ, ಹೇಗಿದೆ? ಬಳಸ್ತಿರೋರು ಹೇಳಿ

ಮಹಡಿಕೋಣೆ:
ಮೊದಲ ಸಲ ಪ್ರೊಜೆಕ್ಟರ್ ತಗೊಳ್ತಿದ್ದೀನಿ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಎದುರು ಗೋಡೆಗೆ ತಿಳಿ ಕೆನೆ ಬಣ್ಣ, ಕಿಟಕಿ ಒಂದೇ, ಕರ್ಟನ್ ತೆಳು. ದಿನಾ ರಾತ್ರಿ ಎರಡು ಗಂಟೆ ಸಿನಿಮಾ, ರಜೆ ದಿನ ಹಗಲು ಮ್ಯಾಚ್. 100 ಇಂಚು ಬೇಕೇ ಬೇಕು. ಇರೋ ದುಡ್ಡಿಗೆ ಎರಡು ಸಿಗ್ತಿವೆ. ಒಂದು, 9000 ಲುಮೆನ್ಸ್ (ಬೆಳಕಿನ ಅಳತೆ), 4ಕೆ ಸಪೋರ್ಟ್ ಅಂತ ಬರೆದಿರೋ ಹೊಸ ಎಲ್‌ಇಡಿ. ಇನ್ನೊಂದು, 2100 ಗಂಟೆ ಓಡಿರೋ ಸೆಕೆಂಡ್ ಹ್ಯಾಂಡ್ ಲ್ಯಾಂಪ್ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸೋದು), ಫುಲ್ ಎಚ್‌ಡಿ. ಯಾವುದಕ್ಕೆ ಹೋಗಲಿ?

ಮೂರನೇಮಷಿನ್:
ಆ 9000 ನಂಬಬೇಡಿ. ನಾನು ನಂಬಿ ಕಳ್ಕೊಂಡಿದ್ದೀನಿ. ನನ್ನ ಮೊದಲನೇದರ ಡಬ್ಬದ ಮೇಲೆ 8500 ಅಂತ ದಪ್ಪಕ್ಷರದಲ್ಲಿತ್ತು, ಆನ್ಸಿ (ನಿಗದಿತ ವಿಧಾನದಲ್ಲಿ ಅಳೆದ ಬೆಳಕು) ಅನ್ನೋ ಪದ ಎಲ್ಲೂ ಇರಲಿಲ್ಲ. ಆಗ ಅದರ ಅರ್ಥ ಗೊತ್ತಿರಲಿಲ್ಲ. ಚಿತ್ರ ಮಂಕು ಅಂತ ತಲೆ ಕೆಟ್ಟು, ಸ್ನೇಹಿತನ ಹತ್ತಿರ ಬೆಳಕು ಅಳೆಯೋ ಲಕ್ಸ್ ಮೀಟರ್ ಇಸ್ಕೊಂಡು ಬಂದು 80 ಇಂಚಿನ ಪೂರ್ತಿ ಬಿಳಿ ಚಿತ್ರ ಹಾಕಿ ಒಂಬತ್ತು ಕಡೆ ಅಳೆದೆ. ಸರಾಸರಿ 102 ಲಕ್ಸ್. 80 ಇಂಚು ಅಂದ್ರೆ ಸುಮಾರು 1.76 ಚದರ ಮೀಟರ್, ಗುಣಿಸಿದ್ರೆ 180 ಲುಮೆನ್ಸ್. 8500 ಎಲ್ಲಿ, 180 ಎಲ್ಲಿ?

4ಕೆ ಸಪೋರ್ಟ್ ಕಥೆನೂ ಅಷ್ಟೇ. 4ಕೆ ಫೈಲ್ ಒಳಗೆ ತಗೊಳ್ಳುತ್ತೆ, ಗೋಡೆ ಮೇಲೆ ಬೀಳೋದು ಒಳಗಿರೋ ಪ್ಯಾನೆಲ್‌ನಷ್ಟೇ. ನಂದು 1280×720. 'ನೇಟಿವ್' ಅಂತ ಏನಿದೆಯೋ ಅದನ್ನು ಮಾತ್ರ ನೋಡಿ.

ಏಳನೇ ತಿಂಗಳಿಗೆ ಚಿತ್ರದ ಮಧ್ಯ ಹಳದಿ ಕಲೆ ಬಂತು. ಮೊದಲು ನಿಂಬೆಹಣ್ಣಿನಷ್ಟು, ಮೂರು ವಾರದಲ್ಲಿ ತಟ್ಟೆಯಷ್ಟು. ಬಿಚ್ಚಿಸಿದಾಗ ಒಳಗಿನ ಪೋಲರೈಸರ್ ಹಾಳೆ ಬಿಸಿಗೆ ಸುಟ್ಟಿತ್ತು, ಪ್ಯಾನೆಲ್ ತುಂಬ ಧೂಳು. ಫ್ಯಾನ್ ಹೊರಗಿನ ಗಾಳಿನ ನೇರ ಪ್ಯಾನೆಲ್ ಮೇಲೆ ಊದ್ತಿತ್ತು, ಫಿಲ್ಟರ್ ಅಂತ ಏನೂ ಇಲ್ಲ. ವಾರಂಟಿ ಇದೆ, ಆದ್ರೆ ಕಳಿಸೋ ಖರ್ಚು ನಮ್ಮದು, ವಾಪಸ್ ತರಿಸೋದೂ ನಮ್ಮದು. ಎರಡು ಸಲ ಕಳಿಸಿದ್ದಕ್ಕೆ ಮಷಿನ್ ಬೆಲೆಯ ಕಾಲು ಭಾಗ ಹೋಯ್ತು. ಎರಡನೇದು ಅದೇ ಜಾತಿ, ಬೇರೆ ಹೆಸರು, 14 ತಿಂಗಳು ಬಂತು. ಈಗಿರೋ ಮೂರನೇದು ಎಲ್‌ಇಡಿನೇ, ಆದ್ರೆ 500 ಆನ್ಸಿ, ಒಳಭಾಗ ಪೂರ್ತಿ ಮುಚ್ಚಿದ್ದು. ಮೂರಕ್ಕೂ ಸೇರಿ ಕೊಟ್ಟಿದ್ದನ್ನ ಲೆಕ್ಕ ಹಾಕಿದ್ರೆ ಒಳ್ಳೇ ಒಂದನ್ನೇ ಮೊದಲೇ ತಗೊಬಹುದಿತ್ತು. ಆ ಬೇಜಾರು ಇನ್ನೂ ಹೋಗಿಲ್ಲ.

ಲ್ಯಾಂಪ್‌ಪ್ರಿಯ:
ಕಣ್ಮುಚ್ಚಿ ಲ್ಯಾಂಪ್ ಡಿಎಲ್‌ಪಿ ತಗೊಳ್ಳಿ. ನಾನು 1800 ಗಂಟೆ ಓಡಿದ್ದನ್ನ ತಗೊಂಡೆ, ಈಗ ಆರನೇ ವರ್ಷ. ಹೊಸ ಆಟದ ಸಾಮಾನುಗಳ ಪಕ್ಕ ಇಟ್ಟು ನೋಡಿ, ಇದರ ಬಿಳಿ ನಿಜವಾದ ಬಿಳಿ, ಅಕ್ಷರ ಅಂಚಿನವರೆಗೂ ಚೂಪು. ಪಾಪ್‌ಕಾರ್ನ್ ಡಬ್ಬದಂತಿರೋ ಎಲ್‌ಇಡಿಗಳಲ್ಲಿ ಮಧ್ಯ ಫೋಕಸ್ ಮಾಡಿದ್ರೆ ಮೂಲೆ ಮಸುಕು, ಮೂಲೆ ಸರಿ ಮಾಡಿದ್ರೆ ಮಧ್ಯ ಮಸುಕು.

ಖರ್ಚು ಮುಚ್ಚಿಡಲ್ಲ. ಮೊದಲ ಲ್ಯಾಂಪ್ 3900 ಗಂಟೆಗೆ ಸತ್ತಿತು. ದುಡ್ಡು ಉಳಿಸೋಣ ಅಂತ ಡೂಪ್ಲಿಕೇಟ್ ಲ್ಯಾಂಪ್ ಹಾಕಿಸಿದೆ, ಅಸಲಿಯ ಕಾಲು ಬೆಲೆ. 700 ಗಂಟೆಗೆ ರಾತ್ರಿ ಹನ್ನೊಂದರ ಹೊತ್ತಿಗೆ ಢಮ್ ಅಂತ ಒಡೀತು. ಅದರೊಳಗೆ ಪಾದರಸ ಇರುತ್ತೆ. ಮಕ್ಕಳನ್ನ ಆಚೆ ಕಳಿಸಿ, ಕಿಟಕಿ ತೆಗೆದು, ಆ ರಾತ್ರಿ ಆ ಕೋಣೆಗೆ ಯಾರೂ ಹೋಗಲಿಲ್ಲ. ಮಾರನೇ ದಿನ ಗಾಜಿನ ಪುಡಿ ತೆಗೆಸಿ, ರಿಫ್ಲೆಕ್ಟರ್ ಡಬ್ಬಿ ಸಮೇತ ಅಸಲಿ ಲ್ಯಾಂಪ್ ಹಾಕಿಸಿದೆ. ಮಷಿನ್‌ಗೆ ಕೊಟ್ಟಿದ್ದರ ಮೂರನೇ ಒಂದು ಪಾಲು ಅದಕ್ಕೇ ಆಯ್ತು. ಆದ್ರೂ ದಿನಕ್ಕೆ ಎರಡು ಗಂಟೆ ಅಂದ್ರೆ ವರ್ಷಕ್ಕೆ 730 ಗಂಟೆ. 4000 ಗಂಟೆ ಲ್ಯಾಂಪ್ ಐದು ವರ್ಷ ಮೇಲೆ ಬರುತ್ತೆ. ಇಕೋ ಮೋಡ್‌ನಲ್ಲಿ ಇನ್ನೂ ಜಾಸ್ತಿ.

ಮೂರನೇಮಷಿನ್:
4000 ಗಂಟೆ ಅಂತ ಕಂಪನಿ ಹೇಳೋದು ಬೆಳಕು ಅರ್ಧಕ್ಕೆ ಇಳಿಯೋವರೆಗೆ ಅಂತ. ಆ ಅರ್ಧ ಬೆಳಕಲ್ಲೇ ಕೊನೆ ವರ್ಷ ನೋಡಿದ್ದೀರಿ, ಅಭ್ಯಾಸ ಆಗಿದೆ ಅಷ್ಟೇ. ಅಷ್ಟಕ್ಕೂ 2100 ಗಂಟೆ ಅಂತ ಮಾರೋನು ಹೇಳೋದನ್ನ ಯಾರು ಪ್ರಮಾಣ ಮಾಡ್ತಾರೆ? ರಿಮೋಟ್‌ನಲ್ಲಿ ನಾಲ್ಕು ಬಟನ್ ಒತ್ತಿದ್ರೆ ಲ್ಯಾಂಪ್ ಮೀಟರ್ ಸೊನ್ನೆಗೆ ಬರುತ್ತೆ.

ಲ್ಯಾಂಪ್‌ಪ್ರಿಯ:
ಸ್ವಾಮಿ, ಮೂರು ಸಲ ತಪ್ಪು ಮಷಿನ್ ತಗೊಂಡಿದ್ದು ನೀವು. ನನ್ನ ಒಂದೇ ಮಷಿನ್ ಇನ್ನೂ ಓಡ್ತಿದೆ. ಅಭ್ಯಾಸ ಆಗಿದೆ ಅನ್ನೋದಕ್ಕೆ ನೀವು ನನ್ನ ಮನೆಗೆ ಬಂದು ನೋಡಿದ್ದೀರಾ?

ಮೂರುಪ್ಯಾನೆಲ್:
ಇಬ್ರೂ ಒಂದು ಮುಖ್ಯ ಮಾತು ಬಿಟ್ರಿ. ಡಿಎಲ್‌ಪಿ ತಗೊಳ್ಳೂಕ್ಕಿಂತ ಮೊದ್ಲ ಮನಿಯವ್ರನ್ನೆಲ್ಲಾ ಕೂಡಿಸಿ ತೋರಿಸ್ರಿ. ನಾ ಒಬ್ಬನ ಹೋಗಿ ನೋಡಿ ತಂದೆ. ನನಗೇನೂ ಕಾಣಲಿಲ್ಲ. ನನ್ನ ಹೆಂಡ್ತಿ ಹತ್ತು ನಿಮಿಷದಾಗ, 'ರೀ, ಅಕ್ಷರ ಸುತ್ತ ಕೆಂಪು ಹಸಿರು ಮಿಂಚ್ತಾವ' ಅಂದ್ಲು. ಸಿನಿಮಾ ಮುಗಿಯೂದ್ರಾಗ ತಲಿನೋವು. ಮಗಳಿಗೂ ಹಂಗ. ಒಂದ ಚಿಪ್ಪಿನ ಡಿಎಲ್‌ಪಿಯಾಗ ಬಣ್ಣದ ಗಾಲಿ ತಿರಗತೈತಿ. ಕೆಂಪು, ಹಸಿರು, ನೀಲಿ ಒಂದಾದ ಮ್ಯಾಲೆ ಒಂದು ಬೀಳ್ತಾವ, ಕಣ್ಣು ಸರಿಸಿದ್ರ ಬಿಚ್ಚಿ ಕಾಣಸ್ತಾವ. 23 ದಿನ ಇಟ್ಕೊಂಡು ಮಾರಿದೆ, ಕೊಂಡಿದ್ದರಾಗ ಐದರಾಗ ಎರಡು ಪಾಲು ಲುಕ್ಸಾನ. ಆಮ್ಯಾಲೆ ಮೂರು ಪ್ಯಾನೆಲ್‌ನ ಎಲ್‌ಸಿಡಿ ತಂದೆ. ಮೂರೂ ಬಣ್ಣ ಒಮ್ಮೆಲೇ ಬೀಳ್ತಾವ, ಆ ತ್ರಾಸ ಇಲ್ಲ. ನಾಲ್ಕು ವರ್ಷ ಆತು.

ಲ್ಯಾಂಪ್‌ಪ್ರಿಯ:
ಆರು ವರ್ಷದಲ್ಲಿ ನಮ್ಮ ಮನೆಗೆ ಬಂದ ಯಾರಿಗೂ ಆ ಕಾಮನಬಿಲ್ಲು ಕಂಡಿಲ್ಲ. ಅದನ್ನ ಓದಿ ಹುಡುಕೋರಿಗೆ ಮಾತ್ರ ಕಾಣುತ್ತೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಆ ಕನ್ನಡಿ ಚಿಪ್ ಕಂಡುಹಿಡಿದ್ರು, ಇವತ್ತು ಚಿತ್ರಮಂದಿರಗಳಲ್ಲಿ ಹೆಚ್ಚಾಗಿ ಓಡ್ತಿರೋದೂ ಡಿಎಲ್‌ಪಿನೇ. ಅಲ್ಲಿ ಯಾರಿಗೂ ತಲೆನೋವು ಬರಲ್ಲ.

ಮೂರುಪ್ಯಾನೆಲ್:
ಚಿತ್ರಮಂದಿರದಾಗ ಮೂರು ಚಿಪ್ಪು ಇರ್ತಾವ, ಗಾಲಿನ ಇರಂಗಿಲ್ಲ. ಅದನ್ನ ಇದನ್ನ ಒಂದ ತಕ್ಕಡಿಯಾಗ ತೂಗಬ್ಯಾಡ್ರಿ. ಮತ್ತ ನನ್ನ ಹೆಂಡ್ತಿ ಏನೂ ಓದಿ ಹೇಳಲಿಲ್ಲ, ಆಕಿಗೆ ಡಿಎಲ್‌ಪಿ ಅಂದ್ರೇನಂತ ಗೊತ್ತಿರಲಿಲ್ಲ. ಮಂದಿಗೆ ಆಗೂ ತ್ರಾಸನ್ನ ಸುಳ್ಳು ಅನ್ನೂದು ಛಲೋ ಅಲ್ಲ.

ಲ್ಯಾಂಪ್‌ಪ್ರಿಯ:
ಸುಳ್ಳು ಅಂದಿಲ್ಲ. ನಿಮ್ಮ ಎಲ್‌ಸಿಡಿಯಲ್ಲಿ ಧೂಳಿನ ಮಚ್ಚೆ ಬರಲ್ವಾ, ಅದನ್ನೂ ಹೇಳಿ.

ಮೂರುಪ್ಯಾನೆಲ್:
ಬರ್ತಾವ. ಕತ್ತಲಿ ಸೀನಿನ್ಯಾಗ ಎಡಕ್ಕ ಮ್ಯಾಲೆ ಒಂದು ಹಸಿರು ಮಚ್ಚಿ ಐತಿ, ಒಂದು ಪ್ಯಾನೆಲ್ ಮ್ಯಾಲೆ ಧೂಳು ಕುಂತೈತಿ. ಫಿಲ್ಟರ್ ಎರಡು ತಿಂಗಳಿಗೊಮ್ಮೆ ತಗದು ಊದ್ತೀನಿ. ಒಂದು ವರ್ಷ ಊದದ ಬಿಟ್ಟಿದ್ದೆ, ಆವಾಗ ಬಂದದ್ದು. ಅದು ನನ್ನ ತಪ್ಪು. ತಲಿನೋವಿಗಿಂತ ಮಚ್ಚಿ ಪಾಡ.

ಕತ್ತಲಮನೆ:
ಮಷಿನ್ ಬಗ್ಗೆ ಇಷ್ಟು ಜಗಳ, ಕೋಣೆ ಬಗ್ಗೆ ಒಬ್ಬರೂ ಮಾತಾಡಿಲ್ಲ. 100 ಇಂಚು ಅಂದ್ರೆ ಸುಮಾರು 30 ಚದರ ಅಡಿ. ಚಿತ್ರಮಂದಿರದ ಅಳತೆ 16 ಫುಟ್-ಲ್ಯಾಂಬರ್ಟ್, ಅಂದ್ರೆ ಪರದೆಯ ಒಂದು ಚದರ ಅಡಿಗೆ 16 ಲುಮೆನ್ಸ್. 30ನ್ನು 16ರಿಂದ ಗುಣಿಸಿ, 480. ಅಂದ್ರೆ ಕಗ್ಗತ್ತಲಲ್ಲಿ ನಿಜವಾದ 500 ಆನ್ಸಿ ಲುಮೆನ್ಸ್ ಸಾಕು. 3000 ಬೇಕಿಲ್ಲ. ಆದ್ರೆ ಹಗಲು ತೆಳು ಕರ್ಟನ್‌ನಿಂದ ಗೋಡೆ ಮೇಲೆ 250 ಲಕ್ಸ್ ಬಿದ್ರೆ? ಆ 500 ಲುಮೆನ್ಸ್ 100 ಇಂಚಿಗೆ ಹರಡಿದಾಗ ಬರೋದೇ 180 ಲಕ್ಸ್. ಬಿಳಿ ಜಾಗದಲ್ಲಿ 430, ಕಪ್ಪು ಜಾಗದಲ್ಲಿ 250. ಎರಡರಷ್ಟೂ ವ್ಯತ್ಯಾಸ ಇಲ್ಲ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಎರಚೋಕೆ ಬರಲ್ಲ, ಗೋಡೆ ಎಷ್ಟು ಕಪ್ಪಾಗಿದೆಯೋ ಅಷ್ಟೇ ಕಪ್ಪು.

ನಾನು ಇದನ್ನ ಒಂದೂವರೆ ವರ್ಷ ಗೋಳಾಡಿ ಕಲಿತೆ. ಮೊದಲು ಕರ್ಟನ್: ಮೂರು ಪದರದ ಬ್ಲ್ಯಾಕ್‌ಔಟ್ ಬಟ್ಟೆ, ಹೊಲಿಗೆ, ಗೋಡೆಗೆ ಸುತ್ತಿ ಬರೋ ರಾಡ್. ಮೇಲಿನ ಅಂಚಲ್ಲಿ ಬೆಳಕು ಸೋರ್ತಿತ್ತು ಅಂತ ಮರದ ಪಟ್ಟಿ ಹೊಡೆಸಿದ್ದು ಬೇರೆ. ಆಮೇಲೆ ಚಿತ್ರದ ಬೆಳಕೇ ಬಿಳಿ ಸೀಲಿಂಗ್‌ಗೆ ಬಡಿದು ವಾಪಸ್ ಬರ್ತಿತ್ತು. ಮುಂದಿನ ಆರು ಅಡಿ ಸೀಲಿಂಗ್‌ಗೆ, ಎರಡೂ ಪಕ್ಕದ ಗೋಡೆಗೆ ಕಡುಬೂದು ಮ್ಯಾಟ್ ಪೇಂಟ್, ಎರಡು ಕೋಟ್. ಅತ್ತೆ ಎರಡು ತಿಂಗಳು ಆ ಕೋಣೆಗೆ ಕಾಲಿಡಲಿಲ್ಲ. ಬಣ್ಣ, ಬಟ್ಟೆ, ಬಡಗಿ, ಕೂಲಿ ಎಲ್ಲ ಕೂಡಿಸಿದ್ರೆ ಪ್ರೊಜೆಕ್ಟರ್ ಬೆಲೆಗಿಂತ ಸ್ವಲ್ಪ ಜಾಸ್ತಿನೇ ಆಯ್ತು. ಒಂದು ಪೈಸೆಗೂ ನನಗೆ ಬೇಜಾರಿಲ್ಲ. ಸ್ಕ್ರೀನ್‌ಗೆ ಮಾತ್ರ ದುಡ್ಡು ಸುರಿಯಬೇಡಿ. ಗೋಡೆಗೆ ಪುಟ್ಟಿ ಎಳೆಸಿ, ಉಜ್ಜಿಸಿ, ಮ್ಯಾಟ್ ಬಿಳಿ ಹೊಡೆಸಿ, ಸಾಕು. ಹೊಳಪಿನ ಪೇಂಟ್ ಬೇಡ, ಮಧ್ಯ ದೀಪ ಹಚ್ಚಿಟ್ಟ ಹಾಗೆ ಕಾಣುತ್ತೆ.

ಬೂದುಸ್ಕ್ರೀನ್:
ಗೋಡೆ ಸಾಕು ಅನ್ನೋದು ತಪ್ಪು ಸಲಹೆ ಮೇಡಂ. ಎಲ್ಲರಿಗೂ ಮನೆ ಕಪ್ಪು ಬಳಿಯೋಕಾಗಲ್ಲ, ಬಾಡಿಗೆ ಮನೆಯಲ್ಲಂತೂ ಮಾತೇ ಇಲ್ಲ. ನಾನು ಹೊರಬೆಳಕು ತಡೆಯೋ ಬೂದು ಸ್ಕ್ರೀನ್ ಹಾಕಿದ್ದೀನಿ, ಸಂಜೆ ಐದಕ್ಕೂ ನೋಡಬಹುದು. ನನ್ನ ತಪ್ಪನ್ನೂ ಹೇಳ್ತೀನಿ, ಬೇರೆಯವರು ಮಾಡಬಾರದು. ಮೊದಲು ತಂದಿದ್ದು ಅಡ್ಡಗೆರೆಯ ಜಾತಿ. ಅದು ಗೋಡೆಗೆ ಅಂಟಿ ಕೆಳಗೆ ಇಡೋ ಅಲ್ಟ್ರಾ ಶಾರ್ಟ್ ಥ್ರೋ ಮಷಿನ್‌ಗೆ ಮಾಡಿದ್ದು. ಕೆಳಗಿನ ಬೆಳಕು ತಗೊಂಡು ಮೇಲಿನದನ್ನ ನುಂಗುತ್ತೆ. ನಂದು ಸೀಲಿಂಗ್‌ಗೆ ನೇತುಹಾಕಿರೋ ಮಷಿನ್. ಅದರ ಬೆಳಕನ್ನೇ ನುಂಗಿಬಿಡ್ತು. ಬಿಚ್ಚಿದ ಸ್ಕ್ರೀನ್ ವಾಪಸ್ ತಗೊಳ್ಳಲಿಲ್ಲ. 11 ತಿಂಗಳು ಅಟ್ಟದ ಮೇಲಿತ್ತು, ಕೊನೆಗೆ ಅರ್ಧಕ್ಕಿಂತ ಕಮ್ಮಿಗೆ ಕೊಟ್ಟೆ.

ಕತ್ತಲಮನೆ:
ಎರಡು ಸ್ಕ್ರೀನ್‌ಗೆ ಕೊಟ್ಟ ದುಡ್ಡಲ್ಲಿ ಎಷ್ಟು ಕರ್ಟನ್ ಬರ್ತಿತ್ತು ಲೆಕ್ಕ ಹಾಕಿ ಸರ್. ಬಾಡಿಗೆ ಮನೆಗೆ ಕಪ್ಪು ವೆಲ್ವೆಟ್ ಬಟ್ಟೆ ನೇತುಹಾಕಬಹುದು.

ಬೂದುಸ್ಕ್ರೀನ್:
ಸ್ಮಶಾನದ ಹಾಗಿರೋ ಕೋಣೆಯಲ್ಲಿ ಮಕ್ಕಳನ್ನ ಕೂರಿಸೋಕೆ ನನಗಿಷ್ಟ ಇಲ್ಲ.

ಕತ್ತಲಮನೆ:
ನನ್ನ ಮಗ ಓದೋದು, ಮಲಗೋದು ಎಲ್ಲ ಆ ಕೋಣೆಯಲ್ಲೇ. ಆ ಪದ ವಾಪಸ್ ತಗೊಳ್ಳಿ.

ಬೂದುಸ್ಕ್ರೀನ್:
ತಗೊಂಡೆ. ಸ್ಕ್ರೀನ್ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ಪೈಪೊಳಗಿನವೈರ್:
ಯಾರೂ ವೈರ್ ಬಗ್ಗೆ ಹೇಳಿಲ್ಲ, ನನಗೆ ಅತಿ ಹೆಚ್ಚು ನೋವು ಕೊಟ್ಟಿದ್ದು ಅದೇ. 15 ಮೀಟರ್ ಎಚ್‌ಡಿಎಂಐ ಬೇಕಿತ್ತು. ಮಾಮೂಲಿ ತಾಮ್ರದ ಕೇಬಲ್ ಅಷ್ಟು ದೂರ 4ಕೆ ಸಿಗ್ನಲ್ ಎಳೀಲಿಲ್ಲ, ಎರಡೆರಡು ನಿಮಿಷಕ್ಕೆ ಚಿತ್ರ ಹೋಗ್ತಿತ್ತು. ಫೈಬರ್ ಕೇಬಲ್ ತಂದೆ. ಅದಕ್ಕೆ ದಿಕ್ಕಿರುತ್ತೆ, ಒಂದು ತುದಿ ಸೋರ್ಸ್, ಒಂದು ತುದಿ ಡಿಸ್‌ಪ್ಲೇ. ವೈರಿಂಗ್‌ನವರು ಉಲ್ಟಾ ಎಳೆದು, ಪೈಪ್ ಮುಚ್ಚಿ, ಗಾರೆ ಮಾಡಿ, ಪೇಂಟೂ ಆಗಿಹೋಯ್ತು. ಆನ್ ಮಾಡಿದ್ರೆ ನೀಲಿ ಬಣ್ಣ ಬಿಟ್ರೆ ಏನಿಲ್ಲ. ವಾಪಸ್ ಎಳೆಯೋಕೆ ಹೋದಾಗ ತಿರುವಲ್ಲಿ ಸಿಕ್ಕಿ ಒಳಗಿನ ಎಳೆ ತುಂಡಾಯ್ತು. ಎರಡು ಕಡೆ ಗೋಡೆ ಒಡೆದು, ಹೊಸ ಕೇಬಲ್, ಮತ್ತೆ ಗಾರೆ, ಮತ್ತೆ ಪೇಂಟ್. ಗೋಡೆಯೊಳಗೆ ಹಾಕೋ ಮುಂಚೆ ನೆಲದ ಮೇಲೆ ಹಾಸಿ, ಎರಡೂ ತುದಿ ಚುಚ್ಚಿ, ಚಿತ್ರ ನೋಡಿ. ಜೊತೆಗೆ ಪೈಪೊಳಗೆ ಒಂದು ದಾರ ಬಿಟ್ಟಿರಿ.

ಮೂರನೇಮಷಿನ್:
ಒಳಗೇ ಆ್ಯಪ್ ಇದೆ ಅಂತ ಮಾರೋದನ್ನೂ ನಂಬಬೇಡಿ. ವೈಡ್‌ವೈನ್ ಎಲ್1 (ಕಾಪಿ ತಡೆಯೋ ವ್ಯವಸ್ಥೆಯ ಮೇಲಿನ ಮಟ್ಟ) ಇಲ್ಲದಿದ್ರೆ ದುಡ್ಡು ಕಟ್ಟೋ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ 480ಪಿ ದಾಟಲ್ಲ. ನಾನು ಬೇರೆ ಸ್ಟಿಕ್ ಚುಚ್ಚಬೇಕಾಯ್ತು. ಬ್ಲೂಟೂತ್ ಸ್ಪೀಕರ್‌ನಲ್ಲಿ ತುಟಿ ಮೊದಲು, ಮಾತು ಆಮೇಲೆ. ಈಗ ವೈರ್‌ನಲ್ಲೇ ಕೊಟ್ಟಿದ್ದೀನಿ.

ಮಹಡಿಕೋಣೆ:
ಎಲ್ಲರಿಗೂ ಧನ್ಯವಾದ. ಆದ್ರೆ ನನ್ನ ಕೋಣೆ 12 ಅಡಿನೇ. ಆ ಸೆಕೆಂಡ್ ಹ್ಯಾಂಡ್ ಡಿಎಲ್‌ಪಿಯ ಥ್ರೋ ರೇಶಿಯೋ (ಗೋಡೆಗಿರೋ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಅನ್ನೋದು) 1.5ರಿಂದ 1.65 ಅಂತ ಇದೆ. 100 ಇಂಚು ಬರುತ್ತಾ?

ಕತ್ತಲಮನೆ:
100 ಇಂಚಿನ ಚಿತ್ರದ ಅಗಲ 221 ಸೆಂ.ಮೀ. 1.5ರಿಂದ ಗುಣಿಸಿದ್ರೆ 332, ಅಂದ್ರೆ ಹತ್ತಿರ ಹತ್ತಿರ 11 ಅಡಿ, ಅದೂ ಲೆನ್ಸ್‌ನಿಂದ. ಮಷಿನ್ ಹಿಂಭಾಗ, ಪ್ಲಗ್, ಬಿಸಿಗಾಳಿಗೆ ಜಾಗ ಸೇರಿ ಇನ್ನೊಂದು ಅಡಿ. ಹಿಂದಿನ ಗೋಡೆಗೆ ಒತ್ತಿಕೊಂಡು ಬರುತ್ತೆ. 95 ಇಂಚು ಅಂದ್ಕೊಂಡ್ರೆ ಆರಾಮ.

ಬೂದುಸ್ಕ್ರೀನ್:
ಜಾಗ ಸಾಲದೆ ಪಕ್ಕಕ್ಕಿಟ್ಟು ಕೀಸ್ಟೋನ್ ಸೆಟ್ಟಿಂಗ್‌ನಲ್ಲಿ ಓರೆ ಚಿತ್ರ ನೇರ ಮಾಡ್ತೀನಿ ಅನ್ನಬೇಡಿ. ಪಿಕ್ಸೆಲ್ ಕತ್ತರಿಸಿ ಹೋಗುತ್ತೆ. ಸುತ್ತ ಬೂದು ಚೌಕಟ್ಟೂ ಕಾಣುತ್ತೆ.

ಲ್ಯಾಂಪ್‌ಪ್ರಿಯ:
ಸ್ವಲ್ಪ ಕೀಸ್ಟೋನ್‌ಗೆ ಏನೂ ಆಗಲ್ಲ, ನಾನು ಆರು ವರ್ಷದಿಂದ ಎರಡು ಪಾಯಿಂಟ್ ಹಾಕಿದ್ದೀನಿ.

ಬೂದುಸ್ಕ್ರೀನ್:
ಅಕ್ಷರ ಅಂಚಿನವರೆಗೂ ಚೂಪು ಅಂತ ಮೇಲೆ ಬರೆದೋರು ನೀವೇ ಅಲ್ವಾ?

ಮಹಡಿಕೋಣೆ:
ಭಾನುವಾರ ಆ ಡಿಎಲ್‌ಪಿ ನೋಡೋಕೆ ಹೋಗ್ತಿದ್ದೀನಿ. ಮನೆಯವರನ್ನೂ ಕರ್ಕೊಂಡು ಹೋಗ್ತೀನಿ. ಅಲ್ಲಿ ಏನು ನೋಡಲಿ?

ಮೂರುಪ್ಯಾನೆಲ್:
ಕಪ್ಪು ಹಿನ್ನೆಲಿ ಮ್ಯಾಲೆ ಬಿಳಿ ಅಕ್ಷರ ಓಡೂದು ಹಾಕ್ರಿ. ಮನಿಯವ್ರಿಗೆ ಏನೂ ಹೇಳಬ್ಯಾಡ್ರಿ. ಅವ್ರ ತಾವಾಗೇ ಹೇಳಿದ್ರ ಅದು ಖರೇ.

ಲ್ಯಾಂಪ್‌ಪ್ರಿಯ:
ಹಗಲು ಹೋಗಬೇಡಿ, ಕತ್ತಲಾದ ಮೇಲೆ ಹೋಗಿ. ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಪೂರ್ತಿ ಕಪ್ಪು ಚಿತ್ರ ಹಾಕಿ, ಬಿಳಿ ಚುಕ್ಕೆ ಎಣಿಸಿ. ಚಿಪ್‌ನ ಕನ್ನಡಿ ಅಂಟಿಕೊಂಡಿದ್ರೆ ನಕ್ಷತ್ರದ ಹಾಗೆ ಕಾಣುತ್ತೆ. ಒಂದು ಶುರುವಾಯ್ತು ಅಂದ್ರೆ ನಿಲ್ಲಲ್ಲ. ನನ್ನದರಲ್ಲಿ ಹೋದ ವರ್ಷ ಮೂರಿತ್ತು, ಈಗ 41. ಚಿಪ್ ಬದಲಿಸೋಕೆ ಕೇಳಿದ ದುಡ್ಡಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಬರುತ್ತೆ. ಮೇಲೆ ಇದನ್ನ ಬರೆದಿರಲಿಲ್ಲ, ಬರೀಬೇಕಿತ್ತು.