ಮನೆಯಲ್ಲೇ ಒಡೆದ ಹೊಸ ಟೀವಿಯನ್ನು ‘ಬರುವಾಗಲೇ ಹೀಗಿತ್ತು’ ಎಂದು ವಾಪಸ್ ಕೊಡಬಹುದೇ?

ಪ್ರಶ್ನೆ (ಹಾಸನದಿಂದ):
ಆನ್‌ಲೈನ್‌ನಲ್ಲಿ ತರಿಸಿದ 55 ಇಂಚಿನ ಎಲ್‌ಇಡಿ ಟೀವಿ, 52,000 ರೂಪಾಯಿ. ಬಂದು ಮೂರು ದಿನ ಆಯಿತು. ಇನ್‌ಸ್ಟಾಲೇಶನ್‌ನವರು ಬರುವ ಮೊದಲೇ ನಾವೇ ಬಾಕ್ಸ್ ತೆರೆದೆವು. ಮಂಚದ ಮೇಲಿಂದ ಸ್ಟ್ಯಾಂಡಿಗೆ ಎತ್ತಿಡುವಾಗ ಎಡಗಡೆ ಕೆಳಮೂಲೆಯಲ್ಲಿ ಚಟ್ ಎಂದು ಸದ್ದಾಯಿತು. ಆನ್ ಮಾಡಿದರೆ ಆ ಮೂಲೆಯಿಂದ ಜೇಡರ ಬಲೆಯ ಹಾಗೆ ಗೆರೆಗಳು, ಅರ್ಧ ಪರದೆ ಕಪ್ಪು. ಆದರೆ ಮೇಲೆ ಕೈಯಾಡಿಸಿದರೆ ಒಂದು ಗೀರೂ ಸಿಗುವುದಿಲ್ಲ. 7 ದಿನದ ರೀಪ್ಲೇಸ್‌ಮೆಂಟ್ ಇದೆ. ‘ತೆಗೆದಾಗಲೇ ಹೀಗಿತ್ತು ಅಂದುಬಿಡು, ಅಷ್ಟು ದೊಡ್ಡ ಕಂಪನಿಗೆ ಏನು ನಷ್ಟ’ ಎನ್ನುತ್ತಾರೆ ಮನೆಯವರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಹಾಗಂತ ಗೀರೇ ಇಲ್ಲದೆ ಒಡೆದಿದೆ ಎಂದರೆ ಗಾಜೇ ದುರ್ಬಲವಾಗಿದ್ದಿರಬಹುದಲ್ಲವೇ? ನಾಳೆ ಟೆಕ್ನಿಷಿಯನ್ ಬರುತ್ತಾರೆ. ಏನು ಹೇಳಲಿ?

ಉತ್ತರ (ಟೀವಿ ಸರ್ವೀಸ್ ಟೆಕ್ನಿಷಿಯನ್):
ಮೇಡಂ, ಮೊದಲು ಗೀರಿನ ವಿಷಯ ಮುಗಿಸೋಣ. ಈ ಸಂಶಯ ಎಲ್ಲರಿಗೂ ಬರುತ್ತದೆ. ಪ್ಯಾನೆಲ್ ಎಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಎರಡು ಗಾಜಿನ ಹಾಳೆಗಳು, ನಡುವೆ ಲಿಕ್ವಿಡ್ ಕ್ರಿಸ್ಟಲ್. ನೀವು ಕೈಯಾಡಿಸುವುದು ಗಾಜನ್ನಲ್ಲ, ಅದರ ಮೇಲೆ ಅಂಟಿಸಿದ ಪೋಲರೈಸರ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು. ಹೆಬ್ಬೆರಳಿನ ಒತ್ತಡಕ್ಕೆ ಪ್ಲಾಸ್ಟಿಕ್ ಬಗ್ಗಿ ಮತ್ತೆ ನೇರವಾಗುತ್ತದೆ, ಒಳಗಿನ ಗಾಜು ಬಗ್ಗದೆ ಬಿರುಕು ಬಿಡುತ್ತದೆ. ಮೇಲೆ ನುಣುಪು, ಒಳಗೆ ಜೇಡರ ಬಲೆ: ಇದು ಒತ್ತಡಕ್ಕೆ ಒಡೆದ ಪ್ಯಾನೆಲ್‌ನ ಗುರುತೇ. ಮಂಚದಿಂದ ಎತ್ತುವಾಗ ನಾಲ್ಕು ಬೆರಳು ಹಿಂದೆ, ಹೆಬ್ಬೆರಳು ಮುಂದೆ ಪರದೆಯ ಮೇಲೆ ಬರುತ್ತದೆ. ಈಗಿನ ಟೀವಿಗಳ ಅಂಚುಪಟ್ಟಿ ತೀರಾ ಕಿರಿದು, ಹಿಡಿಯಲು ಜಾಗವೇ ಇಲ್ಲ. ಮಂಚದ ಮೇಲೆ ಪರದೆ ಕೆಳಗೆ ಮಾಡಿ ಮಲಗಿಸಿದ್ದರೆ ಹಾಸಿಗೆಯ ಉಬ್ಬು ಒತ್ತಿ ಆಗಲೇ ಪೆಟ್ಟು ಬಿದ್ದಿರಲೂಬಹುದು.

ನಾಳೆ ಬರುವ ಟೆಕ್ನಿಷಿಯನ್ ಹುಡುಗ ಇದನ್ನು ಎರಡೇ ನಿಮಿಷದಲ್ಲಿ ಕಂಡುಹಿಡಿಯುತ್ತಾನೆ. ಟೀವಿ ಆಫ್ ಮಾಡಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಬಿರುಕು ಶುರುವಾದ ಬಿಂದು ಕಾಣುತ್ತದೆ. ಆಮೇಲೆ ಬಾಕ್ಸಿನ ಮೂಲೆ, ಥರ್ಮೋಕೋಲ್ ನೋಡುತ್ತಾನೆ. ಸಾಗಣೆಯಲ್ಲಿ ಒಡೆದಿದ್ದರೆ ಸಾಮಾನ್ಯವಾಗಿ ಅದೇ ಜಾಗದಲ್ಲಿ ರಟ್ಟು ಜಜ್ಜಿರುತ್ತದೆ ಅಥವಾ ಥರ್ಮೋಕೋಲ್ ತುಂಡಾಗಿರುತ್ತದೆ. ರಟ್ಟು, ಥರ್ಮೋಕೋಲ್ ಎರಡೂ ಸರಿಯಿದ್ದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗದಿಂದ ಬಿರುಕು ಹೊರಟಿದ್ದರೆ ರಿಪೋರ್ಟಿನಲ್ಲಿ ‘ಫಿಸಿಕಲ್ ಡ್ಯಾಮೇಜ್’ ಎಂದೇ ಬರೆಯಬೇಕು. ಸೀರಿಯಲ್ ನಂಬರ್, ಪರದೆ, ಬಾಕ್ಸ್ ಎಲ್ಲದರ ಫೋಟೋ ಅಪ್‌ಲೋಡ್ ಆಗುತ್ತದೆ.

ಹಾಗಾಗಿ ಅವನ ಕೈಹಿಡಿದು ‘ಬಂದಾಗಲೇ ಹೀಗಿತ್ತು ಅಂತ ಬರೆದುಬಿಡಪ್ಪಾ’ ಎನ್ನಬೇಡಿ. ಐನೂರು ರೂಪಾಯಿ ಕೈಗಿಟ್ಟು ಕೇಳುವವರೂ ಇದ್ದಾರೆ. ಅವನು ಬರೆದ ರಿಪೋರ್ಟಿಗೂ ಕಂಪನಿಗೆ ವಾಪಸ್ ಹೋದ ಪ್ಯಾನೆಲ್‌ಗೂ ತಾಳೆ ಬೀಳದಿದ್ದರೆ ಪ್ರಶ್ನೆ ಬರುವುದು ಅವನಿಗೆ ಮತ್ತು ಅವನ ಸರ್ವೀಸ್ ಸೆಂಟರಿಗೆ. ಒಂದು ಪ್ಯಾನೆಲ್‌ನ ದುಡ್ಡು ಎಂದರೆ ಅವನ ಒಂದು ತಿಂಗಳ ದುಡಿಮೆಗೆ ಹತ್ತಿರ.

ಉತ್ತರ (ಎಲೆಕ್ಟ್ರಾನಿಕ್ಸ್ ಅಂಗಡಿಯವರು, ದಾವಣಗೆರೆ):
‘ಕಂಪನಿಗೆ ಏನು ನಷ್ಟ’ ಎಂಬ ಮಾತಿಗೆ ಲೆಕ್ಕ ಹಾಕಿ ತೋರಿಸುತ್ತೇನೆ. ಆನ್‌ಲೈನ್ ತಾಣದಲ್ಲಿ ಮಾರುವವನು ಹಲವು ಸಲ ನಮ್ಮಂಥ ಒಬ್ಬ ವ್ಯಾಪಾರಿಯೇ. ಬಿಲ್ಲಿನಲ್ಲಿ ‘ಮಾರಾಟಗಾರ’ ಎಂಬ ಸಾಲು ಓದಿ, ಸಾಮಾನ್ಯವಾಗಿ ಅಲ್ಲಿರುವುದು ತಾಣದ ಹೆಸರಲ್ಲ. ಲೆಕ್ಕಕ್ಕೆ 52,000ದ ಟೀವಿಯಲ್ಲಿ ಅವನಿಗೆ ನೂರಕ್ಕೆ ಐದು ಉಳಿಯುತ್ತದೆ ಎಂದಿಟ್ಟುಕೊಳ್ಳಿ, 2,600 ರೂಪಾಯಿ. ಒಡೆದ ಒಂದು ಟೀವಿ ಅವನ ತಲೆಗೆ ಬಂದರೆ ಇನ್ನು ಹೆಚ್ಚುಕಡಿಮೆ 20 ಟೀವಿ ಮಾರಿದ ಮೇಲೆ ಅದು ಸರಿಹೋಗುತ್ತದೆ. ಅವನು ಒಪ್ಪದಿದ್ದರೆ ಸಾಗಣೆಯವರ ಮೇಲೆ ಹಾಕುತ್ತಾನೆ, ಅವರು ಗಾಡಿಯ ಹುಡುಗನ ಮೇಲೆ ಹಾಕುತ್ತಾರೆ. ದೊಡ್ಡ ಕಂಪನಿ ಎಂದು ನಾವು ಅಂದುಕೊಂಡ ಗೋಡೆಗೆ ಬಡಿದು ಚೆಂಡು ಚಿಕ್ಕವರ ಮೇಲೇ ಬೀಳುತ್ತದೆ.

ಇನ್ನೊಂದು ಕಡೆಯೂ ಇದೆ. ನಿಜ ಹೇಳಿ ಕೇಳಿದಾಗ ವ್ಯಾಪಾರಿಯೋ ಬ್ರ್ಯಾಂಡಿನವರೋ ತಾವಾಗಿ ಏನಾದರೂ ರಿಯಾಯಿತಿ ಕೊಟ್ಟರೆ ಧಾರಾಳವಾಗಿ ತಗೊಳ್ಳಿ. ಎಲ್ಲಾ ಗೊತ್ತಿದ್ದು ಒಪ್ಪಿದವರಿಗೆ ಮೋಸವಾಗುವುದಿಲ್ಲ. ಅಮೆರಿಕದಲ್ಲಿರುವ ನಮ್ಮ ಸದಸ್ಯರೊಬ್ಬರು ಕೇಳಿದ್ದರು, ಅಲ್ಲಿನ ಕಾಸ್ಟ್‌ಕೋ ಎಂಬ ದೊಡ್ಡ ಅಂಗಡಿ ಸರಣಿ ಟೀವಿಗಳನ್ನು 90 ದಿನದೊಳಗೆ ವಾಪಸ್ ತಗೊಳ್ಳುತ್ತದೆ, ಒಡೆದದ್ದನ್ನು ಕೊಡಬಹುದೇ ಎಂದು. ಉತ್ತರ ಅದೇ: ಕೌಂಟರಿನಲ್ಲಿ ‘ನಮ್ಮ ಕೈಯಿಂದ ಒಡೆಯಿತು’ ಎಂದು ಮೊದಲೇ ಹೇಳಿ, ಆಮೇಲೆ ತಗೊಂಡರೆ ಅದು ಅವರ ಔದಾರ್ಯ. ಬಾಕ್ಸ್ ಟೇಪ್ ಹಾಕಿ ಸುಮ್ಮನೆ ಇಟ್ಟು ಬಂದರೆ ಬೇರೆ ಮಾತು.

ಉತ್ತರ (ಗ್ರಾಹಕ ವ್ಯಾಜ್ಯ ನೋಡುವ ವಕೀಲರು):
ಕಾನೂನಿನ ಕಡೆಯಿಂದ ಚುಟುಕಾಗಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(47) ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಇಲ್ಲಿ ‘ದೋಷ’ ಎಂದರೆ ಕಲಂ 2(10) ಹೇಳುವಂತೆ ಸರಕಿನ ಗುಣಮಟ್ಟದ ಕೊರತೆ. ಕೊಂಡವರ ಕೈಯಲ್ಲಿ ಆದ ಪೆಟ್ಟು ಅದರೊಳಗೆ ಬರುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಕಲಂ 26ರ ಸಾಮಾನ್ಯ ನಿಯಮವೂ ಇಷ್ಟೇ: ಒಡೆತನ ಯಾರದೋ ನಷ್ಟದ ಹೊಣೆಯೂ ಅವರದು.

ಸುಳ್ಳು ಹೇಳಿ ಸರಕು ಅಥವಾ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 318ರ ವಂಚನೆಯ ವ್ಯಾಖ್ಯೆಗೆ ಬರುತ್ತದೆ. ಒಂದು ಟೀವಿಗೆ ಪೊಲೀಸರು ಮನೆಗೆ ಬರುತ್ತಾರೆ ಎಂದು ಹೆದರಿಸುತ್ತಿಲ್ಲ. ಆದರೆ ಲಿಖಿತವಾಗಿ ಒಮ್ಮೆ ಸುಳ್ಳು ಹೇಳಿದ ಖಾತೆಯಿಂದ ಮುಂದೆ ನಿಜವಾದ ದೂರು ಹೋದಾಗ ಅದೇ ಕಾಗದ ಎದುರು ಪಾರ್ಟಿಯ ಕೈಯಲ್ಲಿರುತ್ತದೆ.

ಪ್ರಶ್ನೆ (ಹಾಸನದಿಂದ, ಮತ್ತೆ):
ಉತ್ತರಗಳಿಗೆ ಧನ್ಯವಾದ. ಒಂದು ತಪ್ಪಾಗಿದೆ. ಮನೆಯವರು ನಿನ್ನೆ ರಾತ್ರಿಯೇ ಆ್ಯಪ್‌ನಲ್ಲಿ ‘ಡ್ಯಾಮೇಜ್ ಆಗಿ ಬಂದಿದೆ’ ಎಂದು ರಿಕ್ವೆಸ್ಟ್ ಹಾಕಿಬಿಟ್ಟಿದ್ದಾರೆ. ಈಗ?

ಉತ್ತರ (ವಕೀಲರು):
ತಪಾಸಣೆಗೆ ಜನ ಬರುವ ಮೊದಲು ಆ ರಿಕ್ವೆಸ್ಟನ್ನು ಕ್ಯಾನ್ಸಲ್ ಮಾಡಿ. ಕ್ಯಾನ್ಸಲ್ ಆದರೆ ಸಾಕು ಎಂದು ಬಿಡಬೇಡಿ, ಚಾಟ್‌ನಲ್ಲಿ ಎರಡು ಸಾಲು ಬರೆಯಿರಿ: ‘ಕಾರಣ ತಪ್ಪಾಗಿ ನಮೂದಾಗಿದೆ. ಟೀವಿ ತಲುಪಿದ ಮೇಲೆ ಮನೆಯಲ್ಲಿ ಎತ್ತಿಡುವಾಗ ಪ್ಯಾನೆಲ್ ಒಡೆದಿದೆ. ರೀಪ್ಲೇಸ್‌ಮೆಂಟ್ ಬೇಡ, ಹಣ ಕೊಟ್ಟು ರಿಪೇರಿ ಮಾಡಿಸುವ ದಾರಿ ತಿಳಿಸಿ.’ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬದಲಿ ಟೀವಿ ಆಗಲೇ ಹೊರಟಿದ್ದರೆ ಬಾಗಿಲಲ್ಲಿ ಒಟಿಪಿ ಕೊಡಬೇಡಿ, ಹಾಗೇ ತಿರುಗಿ ಕಳಿಸಿ. ಮನೆಯವರ ಹೆಸರು ಎತ್ತಿ ವಿವರಣೆ ಕೊಡುವ ಅಗತ್ಯವಿಲ್ಲ.

ಉತ್ತರ (ಟೆಕ್ನಿಷಿಯನ್):
ದುಡ್ಡಿನ ಕಡೆ ಹೀಗೆ ಮಾಡಿ. ಟೀವಿಯ ಪ್ಲಗ್ ತೆಗೆಯಿರಿ. ಬಾಕ್ಸ್, ಥರ್ಮೋಕೋಲ್, ಸ್ಟ್ಯಾಂಡ್ ಕಾಲು, ರಿಮೋಟ್ ಒಂದನ್ನೂ ಗುಜರಿಗೆ ಹಾಕಬೇಡಿ. ಟೀವಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಿದರೆ ಬಿರುಕು ಇನ್ನೂ ಹರಡಬಹುದು. ಬ್ರ್ಯಾಂಡಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ‘ವಾರಂಟಿಗೆ ಬರುವುದಿಲ್ಲ ಎಂದು ಗೊತ್ತು, ಪ್ಯಾನೆಲ್ ಬದಲಿಗೆ ಎಸ್ಟಿಮೇಟ್ ಬೇಕು’ ಎಂದು ಕೇಳಿ. ಎಸ್ಟಿಮೇಟಿನಲ್ಲಿ ಪ್ಯಾನೆಲ್ ಬೆಲೆ, ಜಿಎಸ್‌ಟಿ, ಕೂಲಿ, ವಿಸಿಟ್ ಚಾರ್ಜ್ ಬಿಡಿಬಿಡಿಯಾಗಿ ಇರಬೇಕು. ಹೊಸ ಪ್ಯಾನೆಲ್‌ಗೆ ಎಷ್ಟು ದಿನದ ವಾರಂಟಿ, ಉಳಿದ ಬೋರ್ಡುಗಳ ಮೂಲ ವಾರಂಟಿ ಮುಂದುವರಿಯುತ್ತದೆಯೇ ಎಂಬುದನ್ನು ಬರೆದು ಕೊಡಲು ಹೇಳಿ.

ಸಾಮಾನ್ಯವಾಗಿ ಪ್ಯಾನೆಲ್ ಒಂದರ ಬೆಲೆಯೇ ಟೀವಿ ಬೆಲೆಯ ಅರ್ಧ ದಾಟುತ್ತದೆ. ಎಲ್ಲಾ ಸೇರಿ ಹೊಸ ಟೀವಿಯ ಬೆಲೆಯ ನೂರಕ್ಕೆ 60 ಮೀರಿದರೆ ರಿಪೇರಿಗೆ ನಾನು ಹೇಳುವುದಿಲ್ಲ. ‘ಹೊರಗಡೆ ಕಡಿಮೆಗೆ ಪ್ಯಾನೆಲ್ ಹಾಕಿಕೊಡ್ತೀವಿ’ ಎನ್ನುವವರ ಬಳಿ ಮೂರು ದಿನದ ಟೀವಿ ಬಿಚ್ಚಿಸಬೇಡಿ. ಅದೇ ಇಂಚಿನ ಬೇರೆ ಪ್ಯಾನೆಲ್ ಕೂತರೂ ಬಣ್ಣ ತಿರುಗಾಮುರುಗಾ ಆಗುವುದು, ಚಿತ್ರ ತಲೆಕೆಳಗಾಗುವುದು, ಗಾಜಿನ ಹಿಂದೆ ಧೂಳಿನ ಚುಕ್ಕಿ ಸೇರುವುದು ಮಾಮೂಲು. ಮೂಲ ವಾರಂಟಿಯೂ ಅಲ್ಲಿಗೆ ಮುಗಿಯಿತು.

ಇನ್ನು ಇನ್ಶೂರೆನ್ಸ್. ಎಕ್ಸ್‌ಟೆಂಡೆಡ್ ವಾರಂಟಿ ಬೇರೆ, ಡ್ಯಾಮೇಜ್ ಪ್ರೊಟೆಕ್ಷನ್ ಬೇರೆ. ಮೊದಲನೆಯದು ಬರೀ ವಾರಂಟಿಯ ಮುಂದುವರಿಕೆ, ಒಡೆದದ್ದಕ್ಕೆ ಬರುವುದಿಲ್ಲ. ಕೊಳ್ಳುವಾಗ ಎರಡನೆಯದನ್ನು ಟಿಕ್ ಮಾಡಿದ್ದೀರಾ ಎಂದು ಬಿಲ್ ನೋಡಿ, ಮನೆಯ ಸಾಮಾನಿನ ಪಾಲಿಸಿ ಇದ್ದರೆ ಆಕಸ್ಮಿಕ ಹಾನಿ ಸೇರಿದೆಯೇ ನೋಡಿ. ಇದ್ದರೆ ಇವತ್ತೇ ತಿಳಿಸಿ, ತಡಮಾಡಿದ್ದಕ್ಕೇ ಕ್ಲೇಮ್ ತಿರಸ್ಕಾರವಾಗಬಹುದು. ಇಲ್ಲಿ ನಿಜ ಹೇಳಿದರೇ ದುಡ್ಡು ಸಿಗುವುದು: ‘ಕೈಜಾರಿ ಒಡೆಯಿತು’ ಎಂದರೆ ಕ್ಲೇಮ್, ‘ಬಂದಾಗಲೇ ಒಡೆದಿತ್ತು’ ಎಂದು ಬೇರೆ ಕಡೆ ಬರೆದಿದ್ದರೆ ಅದೂ ಹೋಯಿತು. ಒಡೆದ ಮೇಲೆ ಪ್ಲ್ಯಾನ್ ಕೊಂಡು ಕ್ಲೇಮ್ ಮಾಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ, ಅದು ಮೊದಲನೆಯ ಸುಳ್ಳಿನ ಅಣ್ಣ.

ಪ್ರಶ್ನೆ (ಧಾರವಾಡದಿಂದ):
ನಮ್ಮದು ಬ್ಯಾರೆ ಕಥಿ ಅದರೀ. ಟೀವಿ ಯಾರೂ ಮುಟ್ಟಿಲ್ಲ, ಗ್ವಾಡಿಗೆ ಕಂಪನಿಯವ್ರ ಹಚ್ಚಿ ಹೋಗ್ಯಾರ. ಐದನೇ ದಿನಕ್ಕ ಪರದೆ ನಡುವ ಮ್ಯಾಲಿಂದ ಕೆಳಗಿನ ತನಕಾ ಒಂದು ಹಸಿರು ಗೆರಿ ಬಂದದ. ಇದನ್ನೂ ಬಡದದ್ದು ಅಂತ ಬರದ್ರ ಏನ್ ಮಾಡೂದ್ರೀ?

ಉತ್ತರ (ಟೆಕ್ನಿಷಿಯನ್):
ಸರ್, ನಿಮ್ಮದು ಕೇಳಬೇಕಾದ ಹಕ್ಕು, ಸಂಕೋಚ ಬೇಡ. ಅಂಚಿನಲ್ಲಿ ಗಾಜಿಗೂ ಬೋರ್ಡಿಗೂ ನಡುವೆ ತೆಳುವಾದ ಫಿಲ್ಮ್ ಪಟ್ಟಿಗಳು ಅಂಟಿರುತ್ತವೆ, ಅವುಗಳ ಮೇಲೆ ಡ್ರೈವರ್ ಐಸಿ, ಅಂದರೆ ಪರದೆಯ ಸಾಲುಗಳನ್ನು ನಡೆಸುವ ಚಿಪ್. ಆ ಅಂಟು ಒಂದು ಕಡೆ ಬಿಟ್ಟರೆ ಪೂರ್ತಿ ಎತ್ತರದ ನೇರ ಗೆರೆ ಬರುತ್ತದೆ. ಟಾರ್ಚ್ ಹಿಡಿದಾಗ ಎಲ್ಲೂ ಬಿರುಕು ಇಲ್ಲ, ಗೆರೆಯ ಸುತ್ತ ಕಪ್ಪು ಮಸಿ ಹರಡಿಲ್ಲ, ಎರಡು ತುದಿಯವರೆಗೂ ನೇರ ಇದೆ ಎಂದರೆ ಅದನ್ನು ಪೆಟ್ಟು ಎಂದು ಬರೆಯಲು ಆಧಾರವಿಲ್ಲ. ಟೀವಿಯದೇ ಸೆಟ್ಟಿಂಗ್ ಮೆನು ತೆರೆದು ನೋಡಿ: ಮೆನುವಿನ ಮೇಲೂ ಗೆರೆ ಬಂದರೆ ದೋಷ ಟೀವಿಯದು, ಸೆಟ್‌ಟಾಪ್ ಬಾಕ್ಸಿನದಲ್ಲ.

ಒಂದೇ ಒಂದು ಪ್ರಶ್ನೆ ನಿಮ್ಮನ್ನೇ ಕೇಳಿಕೊಳ್ಳಿ. ಪರದೆ ಒರೆಸುವಾಗ ನೇರವಾಗಿ ಕೊಲಿನ್‌ನಂಥ ದ್ರವ ಸ್ಪ್ರೇ ಮಾಡಿದ್ದಾರಾ? ದ್ರವ ಇಳಿದು ಕೆಳ ಅಂಚಿನೊಳಗೆ ಹೋದರೆ ಅದೇ ಫಿಲ್ಮ್ ಶಾರ್ಟ್ ಆಗಿ ಇಂಥದೇ ಗೆರೆ ಬರುತ್ತದೆ. ಬಿಚ್ಚಿದಾಗ ಕಲೆ, ತುಕ್ಕು ಕಾಣುತ್ತದೆ. ಒರೆಸಿದ್ದರೆ ಒರೆಸಿದ್ದೀವಿ ಎನ್ನಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಕಂಡಷ್ಟನ್ನೇ ಹೇಳಿ, ಕಾರಣ ಹುಡುಕುವುದು ನಮ್ಮ ಕೆಲಸ.

ಉತ್ತರ (ವಕೀಲರು):
ಅವರು ‘ಗ್ರಾಹಕರಿಂದ ಆದ ಹಾನಿ’ ಎಂದು ಬರೆದರೆ ಜಾಬ್ ಶೀಟಿಗೆ (ಅವರು ತುಂಬುವ ಕೆಲಸದ ವರದಿಗೆ) ಸುಮ್ಮನೆ ಸಹಿ ಮಾಡಬೇಡಿ. ‘ಒಪ್ಪಿಲ್ಲ’ ಎಂದು ಬರೆದು ಸಹಿ ಮಾಡಿ, ಪ್ರತಿಯನ್ನೂ ಅವರು ತೆಗೆದ ಫೋಟೋಗಳನ್ನೂ ಕೇಳಿ. ಮುಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಪರೀಕ್ಷೆಯಿಂದಲೇ ದೋಷ ತಿಳಿಯುವಂಥದ್ದಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 38ರ ಅಡಿ ಆಯೋಗ ಸರಕನ್ನು ಪ್ರಯೋಗಾಲಯಕ್ಕೆ ಕಳಿಸಬಹುದು.

ಪ್ರಶ್ನೆ (ಹಾಸನದಿಂದ):
ರಿಕ್ವೆಸ್ಟ್ ಕ್ಯಾನ್ಸಲ್ ಮಾಡಿದೆವು, ನೀವು ಹೇಳಿದ ಹಾಗೇ ಚಾಟ್‌ನಲ್ಲಿ ಬರೆದೆವು. ಡ್ಯಾಮೇಜ್ ಪ್ರೊಟೆಕ್ಷನ್ ತಗೊಂಡಿಲ್ಲ. ಎಸ್ಟಿಮೇಟ್ ಬಂತು: ಪ್ಯಾನೆಲ್ 31,000, ತೆರಿಗೆ ಬೇರೆ ಎಂದಿದ್ದಾರೆ. ಮಾಡಿಸಬಹುದೇ?

ಉತ್ತರ (ಟೆಕ್ನಿಷಿಯನ್):
ಶೇಕಡಾ 18 ಜಿಎಸ್‌ಟಿ ಎಂದರೆ 5,580. ಒಟ್ಟು 36,580, ಇನ್ನು ಕೂಲಿ ಮೇಲೆ. 52,000ಕ್ಕೆ ಅದು ನೂರಕ್ಕೆ 70 ದಾಟಿತು. ಮಾಡಿಸಬೇಡಿ. ನಿಮ್ಮ ಟೀವಿಯಲ್ಲಿ ಮೇನ್ ಬೋರ್ಡ್, ಪವರ್ ಬೋರ್ಡ್, ಬ್ಯಾಕ್‌ಲೈಟ್ ಪಟ್ಟಿ, ಸ್ಪೀಕರ್, ರಿಮೋಟ್ ಎಲ್ಲಾ ಹೊಸದು. ಇದೇ ಮಾಡೆಲ್‌ನ ಬೋರ್ಡ್ ಸುಟ್ಟವರಿಗೆ ಇವು ಬೇಕು. ‘ಪ್ಯಾನೆಲ್ ಒಡೆದಿದೆ, ಉಳಿದದ್ದು ಸರಿಯಿದೆ’ ಎಂದು ಹೇಳಿಯೇ ಊರಿನ ರಿಪೇರಿ ಅಂಗಡಿಗಳಲ್ಲಿ, ಬೆಂಗಳೂರಿಗೆ ಹೋಗುವವರಿದ್ದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಎರಡು ಮೂರು ಕಡೆ ಬೆಲೆ ಕೇಳಿಸಿ. ಮೇನ್ ಬೋರ್ಡ್ ನಂಬರ್ ಕಾಣುವ ಫೋಟೋ ಕಳಿಸಿದರೆ ಫೋನಿನಲ್ಲೇ ಅಂದಾಜು ಹೇಳುತ್ತಾರೆ. ಕೊಡುವ ಮೊದಲು ಸೆಟ್ಟಿಂಗಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಇಲ್ಲದಿದ್ದರೆ ನಿಮ್ಮ ಅಕೌಂಟ್‌ಗಳು ಅದರಲ್ಲೇ ಉಳಿಯುತ್ತವೆ. ಪರದೆ ಅರ್ಧ ಕಪ್ಪಾಗಿ ಮೆನು ಕಾಣದಿದ್ದರೆ ಮೊಬೈಲಿನಿಂದಲೇ ಆ ಅಕೌಂಟ್ ತೆರೆದು ಟೀವಿಯನ್ನು ಸಾಧನಗಳ ಪಟ್ಟಿಯಿಂದ ತೆಗೆದುಹಾಕಿ.

ಹೊಸದು ತರಿಸಿದಾಗ ಬಾಕ್ಸನ್ನು ನಿಲ್ಲಿಸಿಯೇ ಇಡಿ, ಇನ್‌ಸ್ಟಾಲೇಶನ್‌ನವರು ಬರುವವರೆಗೆ ಟೇಪ್ ಕೀಳಬೇಡಿ. ಗೋಡೆಗೆ ಹಾಕಿಸುವುದಾದರೆ ಬ್ರ್ಯಾಂಡಿನವರು ಹೇಳಿದ ಉದ್ದದ ಬೋಲ್ಟೇ ಹಾಕಿಸಿ. ಬೋಲ್ಟ್ ಉದ್ದ ಹೆಚ್ಚಾದರೆ ತುದಿ ಒಳಗಿನ ಬೋರ್ಡಿಗೋ ಬ್ಯಾಕ್‌ಲೈಟಿಗೋ ಒತ್ತುತ್ತದೆ, ಅದೂ ಫಿಸಿಕಲ್ ಡ್ಯಾಮೇಜೇ. ಅದನ್ನು ತಿರುಗಿಸಿದವರು ಅವರ ಹುಡುಗನೇ ಆಗಿದ್ದರೆ ಮಾತ್ರ ಹೊಣೆ ಅವರದು, ಆದ್ದರಿಂದ ಕೆಲಸ ಮುಗಿದ ಮೇಲೆ ಅವನ ಜಾಬ್ ಶೀಟ್ ಪ್ರತಿ ಇಟ್ಟುಕೊಳ್ಳಿ.