ಭೂತಾನ್‌ನಂಥ ದೇಶವನ್ನು ಯಾವ ಅಳತೆಯಲ್ಲಿ ಅಳೆಯುವುದು?

ಮೈಸೂರು ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಪ್ರವಾಸೋದ್ಯಮ ಓದುತ್ತಿದ್ದೇನೆ. ಕೊನೆ ಸೆಮಿಸ್ಟರಿನ ಪ್ರಾಜೆಕ್ಟಿಗೆ ಭಾರತ ಮತ್ತು ಭೂತಾನ್ ಹೋಲಿಸಬೇಕು. ಪರಿಸರ ಕೆಡಿಸದೆ ಪ್ರವಾಸಿಗರನ್ನು ಸೆಳೆಯುವುದರಲ್ಲಿ ಯಾರು ಮುಂದೆ ಅನ್ನೋದು ಪ್ರಶ್ನೆ.

ವಿಶ್ವ ಆರ್ಥಿಕ ವೇದಿಕೆ ಪ್ರವಾಸೋದ್ಯಮಕ್ಕೆ ದೇಶಗಳಿಗೆ ರ‍್ಯಾಂಕ್ ಕೊಡುವ ಪಟ್ಟಿಯಿಂದ ಶುರು ಮಾಡಿದೆ. ಭಾರತ 2019ರಲ್ಲಿ 140 ದೇಶಗಳಲ್ಲಿ 34ನೆಯದು. 2021ರ ಪಟ್ಟಿಯಲ್ಲಿ 117ರಲ್ಲಿ 54. 2024ರಲ್ಲಿ 119ರಲ್ಲಿ 39. ಇಷ್ಟು ಬೇಗ 20 ಸ್ಥಾನ ಬಿದ್ದು ಮತ್ತೆ 15 ಏರುವಷ್ಟು ದೇಶ ಬದಲಾಯಿತಾ? ನನಗಂತೂ ನಂಬಿಕೆ ಬರುತ್ತಿಲ್ಲ.

ಭೂತಾನ್‌ದು ಇನ್ನೊಂದು ಕಥೆ. 2019ರಲ್ಲಿ ಸುಮಾರು 3 ಲಕ್ಷ 15 ಸಾವಿರ ಜನ ಹೋಗಿದ್ದರು. ಅದರಲ್ಲಿ ನಮ್ಮವರೇ 2 ಲಕ್ಷ 30 ಸಾವಿರ. 2023ರಲ್ಲಿ ಒಟ್ಟು 1 ಲಕ್ಷ 3 ಸಾವಿರ. ಇದು ಸೋಲಾ, ಗೆಲುವಾ? ಬಂದವರ ಸಂಖ್ಯೆ ಇಳಿದರೆ ಪೈಪೋಟಿಯಲ್ಲಿ ಸೋತ ಹಾಗೇ ಅಂತ ನಮ್ಮ ಮೇಡಂ ಹೇಳುತ್ತಾರೆ. ನನಗೆ ಒಪ್ಪಿಕೊಳ್ಳಲು ಆಗುತ್ತಿಲ್ಲ.

ಲೆಕ್ಕದ ಮೇಷ್ಟ್ರು:

ನೋಡಮ್ಮ, ಮೊದಲು ಆ 34ನ್ನೂ 54ನ್ನೂ ಪಕ್ಕಪಕ್ಕ ಇಡಬೇಡ. 2019ರ ತನಕ ಅದು ಪೈಪೋಟಿಯ ಸೂಚ್ಯಂಕ. 2021ರ ಪಟ್ಟಿಯಿಂದ ಅಭಿವೃದ್ಧಿಯ ಸೂಚ್ಯಂಕ. ಹೆಸರಿನ ಜೊತೆ ಲೆಕ್ಕವೂ ಬದಲಾಯಿತು. ಹೊಸ ಲೆಕ್ಕದಲ್ಲಿ ನೋಡಿದರೆ 2019ರಲ್ಲಿ ಭಾರತದ ಸ್ಥಾನ 46. ಅಂದರೆ ಬಿದ್ದಿದ್ದು 8 ಸ್ಥಾನ.

ಇನ್ನೊಂದು ವಿಷಯ. 2024ರ ಪಟ್ಟಿಯಲ್ಲಿ 102 ಸೂಚಕಗಳನ್ನು 17 ಗುಂಪು ಮಾಡಿದ್ದಾರೆ. ಸುಸ್ಥಿರತೆಯ ತಲೆಬರಹದ ಕೆಳಗೆ ಬರುವುದು 3 ಗುಂಪು ಮಾತ್ರ. ಉಳಿದದ್ದರಲ್ಲಿ ವಿಮಾನ ನಿಲ್ದಾಣ, ರಸ್ತೆ, ಆರೋಗ್ಯ, ಸುರಕ್ಷತೆ ಎಲ್ಲ ಇದೆ. ಬೆಲೆಗೂ ಒಂದು ಗುಂಪಿದೆ. ಹೋಟೆಲು, ಟಿಕೆಟ್ಟು ಅಗ್ಗವಾದಷ್ಟೂ ಅಂಕ ಜಾಸ್ತಿ. ಕಡಿಮೆ ಜನ ಬಂದರೂ ಸಾಕು ಅಂತ ದರ ಏರಿಸುವ ದೇಶ ಅಲ್ಲಿ ಅಂಕ ಕಳೆದುಕೊಳ್ಳುತ್ತದೆ. ನಿನ್ನ ಪ್ರಶ್ನೆಗೆ ಈ ಒಟ್ಟು ರ‍್ಯಾಂಕು ಉತ್ತರ ಕೊಡುವುದಿಲ್ಲ.

2024ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ ಸುಸ್ಥಿರ ಪ್ರವಾಸೋದ್ಯಮದ ಅಳತೆಗೆಂದೇ ಒಂದು ಚೌಕಟ್ಟು ಒಪ್ಪಿಕೊಂಡಿದೆ. ಅದು ಯಾರಿಗೂ ರ‍್ಯಾಂಕ್ ಕೊಡುವುದಿಲ್ಲ. ಹಣ, ಜನ, ಪರಿಸರ ಈ ಮೂರನ್ನೂ ಅಳೆಯಲು ಹೇಳುತ್ತದೆ. ಅದನ್ನು ಹಿಡಿದುಕೋ.

ಟೂರ್ ಮ್ಯಾನೇಜರ್, ಬೆಂಗಳೂರು:

ತಂಗಿ, ನಾನು 14 ವರ್ಷದಿಂದ ಕನ್ನಡದವರ ಗ್ರೂಪುಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಭೂತಾನ್‌ಗೇ 20 ಸಲಕ್ಕಿಂತ ಜಾಸ್ತಿ ಹೋಗಿದ್ದೇನೆ. ಮೇಷ್ಟ್ರು ಹೇಳಿದ ಲೆಕ್ಕ ನನಗೆ ಬರುವುದಿಲ್ಲ. ಕಣ್ಣಾರೆ ಕಂಡದ್ದು ಹೇಳುತ್ತೇನೆ.

2019ರ ದಸರಾ ರಜೆಯಲ್ಲಿ ಪಾರೋ ಊರಿನ ಹತ್ತಿರ, ಬಂಡೆಗೆ ಅಂಟಿದಂತಿರುವ ತಕ್ತ್‌ಸಾಂಗ್ ಬೌದ್ಧ ಮಠಕ್ಕೆ ಬೆಟ್ಟ ಹತ್ತಿದ್ದೆವು. ಕಾಲುದಾರಿ ಉದ್ದಕ್ಕೂ ಜನ. ಕುದುರೆ ಬಂದರೆ ಬಂಡೆಗೆ ಒತ್ತಿಕೊಂಡು ನಿಲ್ಲಬೇಕು. ಮೇಲೆ ಮಠದ ಬಾಗಿಲಲ್ಲಿ ಬ್ಯಾಗು, ಮೊಬೈಲು ಇಡುವ ಕಪಾಟು ಖಾಲಿ ಇರಲಿಲ್ಲ. ಒಳಗೆ ಒಬ್ಬ ಭಿಕ್ಷು ದೀಪಕ್ಕೆ ಬೆಣ್ಣೆ ಹಾಕುತ್ತಿದ್ದರು. ನಮ್ಮ ಸಾಲು ಅವರ ಬೆನ್ನಿಗೆ ತಾಗುತ್ತಲೇ ಇತ್ತು. ಅವರು ಒಂದು ಮಾತೂ ಆಡಲಿಲ್ಲ, ಸುಮ್ಮನೆ ಸ್ವಲ್ಪ ಸ್ವಲ್ಪ ಗೋಡೆ ಕಡೆ ಸರಿಯುತ್ತಿದ್ದರು. ನನಗೆ ತುಂಬಾ ನಾಚಿಕೆಯಾಯಿತು. ಆ ಜನರನ್ನು ಕರೆತಂದವನು ನಾನೇ ಅಲ್ವಾ?

2023ರಲ್ಲಿ ಮತ್ತೆ ಹೋದೆ. ಅದೇ ದಾರಿಯಲ್ಲಿ ಬಾವುಟಗಳು ಗಾಳಿಗೆ ಪಟಪಟ ಅನ್ನುವುದು ಕೇಳಿಸಿತು. ಆ ಭಿಕ್ಷುವಿನ ಕಡೆಯಿಂದ ನೋಡಿದರೆ ಸಂಖ್ಯೆ ಇಳಿದದ್ದು ಗೆಲುವೇ.

ಆದರೆ ಪಾರೋದಲ್ಲಿ ನಾವು ಇಳಿದುಕೊಳ್ಳುತ್ತಿದ್ದ 12 ರೂಮಿನ ಹೋಟೆಲು ಮುಚ್ಚಿತ್ತು. ಅದರ ಮಾಲಕಿ ನಮ್ಮ ಗ್ರೂಪು ಬಂದರೆ ಅಲ್ಲಿನ ಮೆಣಸಿನಕಾಯಿ-ಚೀಸ್ ಪಲ್ಯ ಎಮಾ ದತ್ಶಿಗೆ ಮೆಣಸಿನಕಾಯಿ ಕಡಿಮೆ ಹಾಕಿಸುತ್ತಿದ್ದರು. ನಮ್ಮವರ ಚಟ್ನಿಪುಡಿ ಅವರಿಗೆ ಬಲು ಇಷ್ಟ. ಎಂಟು ವರ್ಷ ನನ್ನ ಜೊತೆ ಕೆಲಸ ಮಾಡಿದ ಗೈಡ್ ಹುಡುಗ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿಬಿಟ್ಟಿದ್ದ.

ಭೂತಾನ್ ಸರ್ಕಾರ ಪ್ರವಾಸಿಗರಿಂದ ರಾತ್ರಿಗಿಷ್ಟು ಅಂತ ತೆಗೆದುಕೊಳ್ಳುವ ಶುಲ್ಕದ ವಿಷಯ ಸರಿಯಾಗಿ ಬರೆ. 2022ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ಗೆ ಮುಚ್ಚಿದ್ದ ಗಡಿ ಮತ್ತೆ ತೆರೆದಾಗ ಡಾಲರಿನವರಿಗೆ, ಅಂದರೆ ಡಾಲರಿನಲ್ಲಿ ಕಟ್ಟುವ ಬೇರೆ ದೇಶದವರಿಗೆ, ರಾತ್ರಿಗೆ 200 ಡಾಲರ್, ಭಾರತದವರಿಗೆ 1,200 ರೂಪಾಯಿ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಗಂಡ ಹೆಂಡತಿ, ಅಂಥ ಇಬ್ಬರು ಮಕ್ಕಳು, 6 ರಾತ್ರಿ ಅಂದರೆ ಶುಲ್ಕವೇ 21,600. ಕೋವಿಡ್‌ಗೆ ಮುಂಚೆ ನಮ್ಮವರಿಗೆ ಇದು ಇರಲೇ ಇಲ್ಲ. ಈಗ ಫೋನ್ ಮಾಡಿದವರು ಮೊದಲು ಕೇಳುವುದು, ‘ಎರಡು ರಾತ್ರಿ ಕಡಿಮೆ ಮಾಡಿ ಕೊಡಿ’ ಅಂತ. ಕಡಿಮೆ ಮಾಡಿದರೆ ಬಿಟ್ಟುಹೋಗುವುದು ಪುನಾಖಾ ಆಚೆಯ ದೂರದ ಊರುಗಳು. ತಕ್ತ್‌ಸಾಂಗ್ ಯಾರೂ ಬಿಡುವುದಿಲ್ಲ. ಹಾಗಾಗಿ ಶುಲ್ಕ ಜನರನ್ನು ಕಡಿಮೆ ಮಾಡಿತು, ಆದರೆ ಬಂದವರನ್ನು ಹರಡಲಿಲ್ಲ. ನನ್ನ ಗ್ರೂಪುಗಳಲ್ಲಿ ನಾನು ಕಂಡದ್ದು ಇದೇ.

ಅಲ್ಲಿನ ಸರ್ಕಾರವೂ ಬದಲಾವಣೆ ಮಾಡುತ್ತಾ ಬಂತು. 2023ರ ಜೂನ್‌ನಲ್ಲಿ ಡಾಲರಿನವರಿಗೆ 4 ದಿನದ ಶುಲ್ಕ ಕಟ್ಟಿದರೆ ಇನ್ನೂ 4 ದಿನ ಉಚಿತ ಅಂದರು. ಸೆಪ್ಟೆಂಬರ್‌ನಲ್ಲಿ 200ನ್ನು 100ಕ್ಕೆ ಇಳಿಸಿದರು.

ಅದಕ್ಕೇ ಹೇಳುವುದು, ಬಂದವರ ಸಂಖ್ಯೆ ಒಂದನ್ನೇ ಹಿಡಿಯಬೇಡ. ಎಷ್ಟು ರಾತ್ರಿ ಇದ್ದರು, ಯಾವ ಊರಲ್ಲಿ ಇದ್ದರು, ಆ ಊರಿನ ಹುಡುಗರು ಈ ಕೆಲಸದಲ್ಲೇ ಉಳಿದರಾ, ಇದನ್ನು ನೋಡು. ಕಾಡಿನ ಲೆಕ್ಕವೂ ಇರಲಿ. ದೇಶದ ನೂರಕ್ಕೆ 60 ಭಾಗವಾದರೂ ಎಂದೆಂದಿಗೂ ಕಾಡಾಗಿರಬೇಕು ಅಂತ ಅವರು 2008ರ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ.

ಮೈಸೂರು ವಿದ್ಯಾರ್ಥಿನಿ:

ಮೇಷ್ಟ್ರೇ, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ 46ರ ವಿಷಯ ಗೊತ್ತಿಲ್ಲದೆ ಒಂದು ಅಧ್ಯಾಯ ಪೂರ್ತಿ ಬರೆದಿದ್ದೆ, ಇವತ್ತೇ ತಿದ್ದುತ್ತೇನೆ. ಊರೂರಿನ ರಾತ್ರಿಗಳ ಲೆಕ್ಕ ಎಲ್ಲಿ ಸಿಗುತ್ತದೆ? ಮತ್ತೆ, ಪರ್ತ್‌ಗೆ ಹೋದ ಆ ಗೈಡ್ ಜೊತೆ ಮಾತಾಡಬಹುದಾ?

ಟೂರ್ ಮ್ಯಾನೇಜರ್, ಬೆಂಗಳೂರು:

‘ಭೂತಾನ್ ಟೂರಿಸಂ ಮಾನಿಟರ್’ ಅಂತ ಅವರದೇ ವಾರ್ಷಿಕ ವರದಿ ಇದೆ, ಅದರಲ್ಲಿ ಹುಡುಕು. ಪುನಾಖಾ ಆಚೆ ಇರುವ ಬುಮ್ತಾಂಗ್‌ನಲ್ಲಿ ಪ್ರವಾಸಿಗರು ಕಳೆದ ರಾತ್ರಿಗಳನ್ನು ಪಾರೋ ಪಕ್ಕ ಇಟ್ಟು ನೋಡು.

ಹುಡುಗನನ್ನು ಕೇಳಿದೆ, ಖುಷಿಯಿಂದ ಒಪ್ಪಿದ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ಭಾನುವಾರ ಅವನಿಗೆ ರಜೆ. ಸಂಜೆ 5ಕ್ಕೆ ಕರೆ ಮಾಡೋಣ, ಹಿಂದಿ ಚೆನ್ನಾಗಿ ಮಾತಾಡುತ್ತಾನೆ.