ಅಮೆರಿಕದ ಕೈ ಬಿಡುತ್ತೇವೆ ಅನ್ನುತ್ತಿದೆ ಯುರೋಪ್. ಬಿಡುತ್ತಾ?

ಸುಜಾತಾ, ಹ್ಯಾಂಬರ್ಗ್:
ನಮ್ಮ ಪಕ್ಕದ ರಾಜ್ಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಸರ್ಕಾರಿ ಕಚೇರಿಗಳಿಂದ ಮೈಕ್ರೋಸಾಫ್ಟ್ ತೆಗೆಯುತ್ತಿದೆ. ಸುಮಾರು 30,000 ನೌಕರರು ಉಚಿತ ತಂತ್ರಾಂಶ ಲಿಬ್ರೆಆಫೀಸ್‌ಗೆ ಹೋಗಬೇಕು. ಮೇಲ್‌ಗೆ ಔಟ್‌ಲುಕ್ ಹೋಗಿ ಥಂಡರ್‌ಬರ್ಡ್ ಬಂತು. 2025ರ ಅಕ್ಟೋಬರ್‌ಗೆ 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್ ಬದಲಾಯಿಸಿ ಮುಗಿಸಿದರು. ಮಧ್ಯದಲ್ಲಿ ದೂರುಗಳೂ ಬಂದವು, ಆದರೂ ನಿಲ್ಲಿಸಲಿಲ್ಲ. ಡೆನ್ಮಾರ್ಕ್‌ನ ಡಿಜಿಟಲ್ ಸಚಿವಾಲಯವೂ ಇದೇ ದಾರಿ ಹಿಡಿದಿದೆ.

ಹಿಂದೆ ಇದೆಲ್ಲ ಲಿನಕ್ಸ್ ಹುಚ್ಚಿನವರು ಮಾತ್ರ ಆಡುವ ಮಾತಾಗಿತ್ತು. ಈಗ ಲೆಕ್ಕಪತ್ರ ವಿಭಾಗದವರೂ ಊಟದ ಹೊತ್ತಿಗೆ "ನಮ್ಮ ಡೇಟಾ ಎಲ್ಲಿದೆ?" ಅಂತ ಕೇಳುತ್ತಾರೆ. ಕಾರಣ ಇದೆ. 2025ರ ಜೂನ್‌ನಲ್ಲಿ ಫ್ರಾನ್ಸ್‌ನ ಸೆನೆಟ್ ಸಮಿತಿಯ ಮುಂದೆ ಮೈಕ್ರೋಸಾಫ್ಟ್ ಫ್ರಾನ್ಸ್‌ನ ಕಾನೂನು ಅಧಿಕಾರಿ ಪ್ರಮಾಣ ಮಾಡಿ ಕೂತಿದ್ದರು. ಫ್ರೆಂಚರ ಡೇಟಾ ಅಮೆರಿಕ ಸರ್ಕಾರದ ಕೈಗೆ ಹೋಗುವುದೇ ಇಲ್ಲ ಎಂದು ಖಾತರಿ ಕೊಡುತ್ತೀರಾ ಎಂದು ಸಮಿತಿಯವರು ಕೇಳಿದರು. ಕೊಡಲು ಆಗುವುದಿಲ್ಲ ಎಂದರು. ಸರ್ವರ್ ಪ್ಯಾರಿಸ್‌ನಲ್ಲೇ ಇದ್ದರೂ 2018ರ ಅಮೆರಿಕದ ಕ್ಲೌಡ್ ಕಾಯ್ದೆ ಅಲ್ಲಿಯವರೆಗೂ ಬರುತ್ತದೆ.

ಈ ಸಲ ಯುರೋಪ್ ಗಂಭೀರವಾಗಿದೆ ಅಂತ ನನಗನಿಸುತ್ತದೆ. ನೀವೇನಂತೀರಿ?

ಗಂಗಾವತಿ ಬಸು:
ಗಂಭೀರನಾ ಮೇಡಂ? 2025ರ ಜುಲೈ 27, ಸ್ಕಾಟ್ಲೆಂಡಿನ ಟರ್ನ್‌ಬೆರಿ. ಟ್ರಂಪ್ ಅವರ ಸ್ವಂತ ಗಾಲ್ಫ್ ಮೈದಾನಕ್ಕೇ ಹೋಗಿ ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಕೈ ಕುಲುಕಿ ಬಂದರು. ಯುರೋಪಿನ ಬಹುತೇಕ ಸರಕಿನ ಮೇಲೆ 15% ಸುಂಕ. ಅಮೆರಿಕದ ಕೈಗಾರಿಕಾ ಸರಕಿಗೆ ಸೊನ್ನೆ. ಮೇಲೆ 75 ಸಾವಿರ ಕೋಟಿ ಡಾಲರ್‌ನ ಇಂಧನ ಕೊಳ್ಳುತ್ತೇವೆ, 60 ಸಾವಿರ ಕೋಟಿ ಡಾಲರ್ ಹೂಡಿಕೆ ಮಾಡುತ್ತೇವೆ ಎಂಬ ಮಾತು ಬೇರೆ. ಆಗಿನ ಫ್ರೆಂಚ್ ಪ್ರಧಾನಿ ಬೈರೂ ಅವರೇ ಇದನ್ನು ಕರಾಳ ದಿನ ಅಂದರು.

45 ಕೋಟಿ ಜನರ ಮಾರುಕಟ್ಟೆ ಇಟ್ಟುಕೊಂಡು ಸುಮ್ನೆ ತಲೆಯಾಡಿಸಿ ಬಂದವರು ಸ್ವಾವಲಂಬನೆ ಮಾತಾಡಿದರೆ ನಗು ಬರುತ್ತೆ.

ಕಿರಣ್, ಐಂಡ್‌ಹೋವನ್:
ಬಸಣ್ಣ, ಯಾಕೆ ತಲೆಯಾಡಿಸಿದರು ಅನ್ನೋದನ್ನೂ ನೋಡಬೇಕಲ್ವಾ? 9,300 ಕೋಟಿ ಯುರೋ ಮೌಲ್ಯದ ಅಮೆರಿಕದ ಸರಕಿನ ಮೇಲೆ ತಿರುಗಿ ಸುಂಕ ಹಾಕುವ ಪಟ್ಟಿ ಒಕ್ಕೂಟದ ಕೇಂದ್ರ ಬ್ರಸೆಲ್ಸ್‌ನಲ್ಲಿ ತಯಾರಿತ್ತು. ತೆಗೆದು ಬೀಸಲಿಲ್ಲ.

ಅದೇ ವರ್ಷ ಫೆಬ್ರವರಿ 28ಕ್ಕೆ ಉಕ್ರೇನ್ ಅಧ್ಯಕ್ಷ ಜೆಲೆನ್‌ಸ್ಕಿ ಅವರನ್ನು ಟ್ರಂಪ್ ಶ್ವೇತಭವನದಲ್ಲಿ ಬೈದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಅದಾದ ಕೆಲವೇ ದಿನಕ್ಕೆ ಅಮೆರಿಕ ಉಕ್ರೇನಿಗೆ ಶಸ್ತ್ರಾಸ್ತ್ರ ನಿಲ್ಲಿಸಿತು, ಗುಪ್ತಚರ ಮಾಹಿತಿಯನ್ನೂ ನಿಲ್ಲಿಸಿತು. ಸುಮಾರು ಒಂದು ವಾರ, ಅಷ್ಟೇ. ರಷ್ಯಾ ಪಕ್ಕದ ವಾರ್ಸಾದಲ್ಲೋ ಟ್ಯಾಲಿನ್‌ನಲ್ಲೋ ಕೂತವರಿಗೆ ಅಷ್ಟು ಸಾಕಾಯಿತು. ಕಾರಿನ ಸುಂಕಕ್ಕೆ ಜಗಳ ತೆಗೆದು, ನಾಳೆ ಉಪಗ್ರಹದ ಚಿತ್ರ ಸಿಗದಿದ್ದರೆ ಏನು ಗತಿ? ವ್ಯಾಪಾರದ ಫೈಲು ಅಂತ ಒಂದು, ರಕ್ಷಣೆಯ ಫೈಲು ಅಂತ ಇನ್ನೊಂದು ಇಲ್ಲ. ಎರಡೂ ಒಂದೇ ದಾರದಲ್ಲಿ ಕಟ್ಟಿವೆ.

ಆ 75 ಸಾವಿರ ಕೋಟಿಯನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಗ್ಯಾಸ್ ಕೊಳ್ಳೋದು ಕಂಪನಿಗಳು, ಆಯೋಗ ಅಲ್ಲ. ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 25 ಸಾವಿರ ಕೋಟಿ ಡಾಲರ್, ಅಂದರೆ 2024ರಲ್ಲಿ ಕೊಂಡದ್ದರ ಮೂರು ಪಟ್ಟಿಗೂ ಜಾಸ್ತಿ. ಕಾಗದದ ಮೇಲಿನ ಮಾತು.

ತಿಪಟೂರು ತಿಮ್ಮ:
ನನ್ನದೊಂದು ತರ್ಲೆ ಪ್ರಶ್ನೆ. ಅಮೆರಿಕ ಸ್ವಿಚ್ ಒತ್ತಿಬಿಟ್ಟರೆ ಅಂತ ಯುರೋಪಿಗೆ ಭಯ. ಸರಿ. 2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್ ರಿಫೈನರಿಯ ನಯಾರಾ ಎನರ್ಜಿಗೆ ಏನಾಯ್ತು? ರಷ್ಯಾದ ರಾಸ್ನೆಫ್ಟ್ ಪಾಲು ಇದೆ ಅಂತ ಐರೋಪ್ಯ ಒಕ್ಕೂಟ ನಿರ್ಬಂಧ ಹಾಕಿತು. ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡಿದ್ದ ಔಟ್‌ಲುಕ್, ಟೀಮ್ಸ್ ಬಂದ್. ದೆಹಲಿ ಹೈಕೋರ್ಟಿಗೆ ಹೋದ ಮೇಲೆ ವಾಪಸ್ ಬಂತು.

ಕಂಪನಿ ಅಮೆರಿಕದ್ದು, ನಿರ್ಬಂಧ ಯುರೋಪಿನದು, ಬಾಗಿಲು ಮುಚ್ಚಿದ್ದು ನಮ್ಮವರಿಗೆ. ಹ್ಯಾಂಬರ್ಗಿನ ಲೆಕ್ಕಪತ್ರದವರಿಗೆ ಇದನ್ನೂ ಹೇಳಿ ಮೇಡಂ 😄

ಸುಜಾತಾ, ಹ್ಯಾಂಬರ್ಗ್:
ತಿಮ್ಮ ಅವರೇ, ಅದನ್ನು ಹೇಳಿದರೆ ಅವರು ಇನ್ನೂ ಬೇಗ ಥಂಡರ್‌ಬರ್ಡ್ ಹಾಕಿಸಿಕೊಳ್ಳುತ್ತಾರೆ. ಯಾರ ನಿರ್ಬಂಧವಾದರೂ ಸರಿ, ಮೇಲ್ ಬಂದ್ ಆಗುವುದು ಒಂದೇ ರೀತಿ ಅಂತ ಅದರಿಂದ ಗೊತ್ತಾಗುತ್ತದೆ.

ರಾವ್, ಜಯನಗರ (ನಿವೃತ್ತ):
ವಿಮಾನದ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಅಮೆರಿಕ ಮಾರುವ ಎಫ್-35 ಯುದ್ಧವಿಮಾನದಲ್ಲಿ ಅಮೆರಿಕದವರು ದೂರದಿಂದಲೇ ಒತ್ತಿ ನಿಲ್ಲಿಸುವ ಗುಂಡಿ ಇದೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಅಮೆರಿಕದವರು ಇಲ್ಲ ಅನ್ನುತ್ತಾರೆ. ಗುಂಡಿ ಯಾಕೆ ಬೇಕು ಸ್ವಾಮಿ? ಶತ್ರು ರೇಡಾರ್‌ಗಳ ಗುರುತಿನ ಫೈಲು ಅಲ್ಲಿಂದ ಬರಬೇಕು. ಸಾಫ್ಟ್‌ವೇರ್ ಅಲ್ಲಿಂದ ಬರಬೇಕು. ಬಿಡಿಭಾಗ ಅಲ್ಲಿಂದ ಬರಬೇಕು. ಮೂರನ್ನೂ ನಿಧಾನ ಮಾಡಿದರೆ ಸಾಕು, ವಿಮಾನ ಹ್ಯಾಂಗರ್‌ನಲ್ಲೇ ಕೂರುತ್ತದೆ.

ಸಿಟ್ಟೂ ಬೇಕಿಲ್ಲ ಇದಕ್ಕೆ. ನಮ್ಮ ತೇಜಸ್ ಎಂಕೆ-1ಎ ನೋಡಿ. 2021ರಲ್ಲಿ 99 ಎಫ್404 ಎಂಜಿನ್‌ಗೆ ಅಮೆರಿಕದ ಜಿಇ ಕಂಪನಿ ಜೊತೆ ಒಪ್ಪಂದ ಆಯಿತು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಯಾರೂ ಬೇಕಂತ ತಡ ಮಾಡಲಿಲ್ಲ, ಅವರ ಸರಬರಾಜೇ ಕೈಕೊಟ್ಟಿತ್ತು. ಎಂಜಿನ್ ಬರುವ ಜಾಗ ಖಾಲಿ ಇಟ್ಟುಕೊಂಡು ವಿಮಾನ ಕಾಯುತ್ತಿದ್ದರೆ, ಆ ಕಡೆಯವನು ಸ್ನೇಹಿತನೋ ಅಲ್ಲವೋ ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಯುರೋಪ್ ತಾನೇ ಮಾಡಿಕೊಳ್ಳಬಹುದು, ವಿದ್ಯೆ ಇದೆ. ಆದರೆ ಪಾಲಾದ ಅಣ್ಣತಮ್ಮಂದಿರ ಮನೆ ಅದು, ಒಬ್ಬೊಬ್ಬರದು ಒಂದೊಂದು ಒಲೆ. ಫ್ರಾನ್ಸ್ ಮತ್ತು ಜರ್ಮನಿ 2017ರಲ್ಲಿ ಹೊಸ ಯುದ್ಧವಿಮಾನ ಘೋಷಿಸಿದವು. ಆಮೇಲೆ ಸ್ಪೇನ್ ಸೇರಿತು. ಯಜಮಾನಿಕೆ ಯಾರದು ಅಂತ ದಸೋ ಮತ್ತು ಏರ್‌ಬಸ್ ವರ್ಷಗಟ್ಟಲೆ ಕಿತ್ತಾಡಿದವು. ಬ್ರಿಟನ್ ಮತ್ತು ಇಟಲಿ ಜಪಾನ್ ಜೊತೆ ಸೇರಿ ಬೇರೆಯದೇ ವಿಮಾನ ಮಾಡುತ್ತಿವೆ. ಇಟಲಿಯ ಮಾಜಿ ಪ್ರಧಾನಿ ದ್ರಾಗಿ ಅವರು ಒಕ್ಕೂಟಕ್ಕೆ ಕೊಟ್ಟ 2024ರ ವರದಿಯಲ್ಲೇ ಇದೆ: ಯುರೋಪಿನಲ್ಲಿ 12 ಬಗೆಯ ಯುದ್ಧ ಟ್ಯಾಂಕ್, ಅಮೆರಿಕದಲ್ಲಿ ಒಂದೇ. 2022ರ ಮಧ್ಯದಿಂದ ಒಂದು ವರ್ಷದಲ್ಲಿ ಕೊಂಡ ರಕ್ಷಣಾ ಸಾಮಗ್ರಿಯ 78% ಹಣ ಒಕ್ಕೂಟದ ಹೊರಗೇ ಹೋಯಿತು.

ಗಂಗಾವತಿ ಬಸು:
ರಾವ್ ಸರ್ ನನ್ನ ಮಾತನ್ನೇ ಗಟ್ಟಿ ಮಾಡಿದರು. ಚಿಪ್ ಕಥೆಯೂ ಇದೇ. 2030ಕ್ಕೆ ಜಗತ್ತಿನ 20% ಚಿಪ್ ನಮ್ಮದು ಅಂದರು. 2025ರಲ್ಲಿ ಅವರದೇ ಲೆಕ್ಕಪರಿಶೋಧಕರು 11.7% ಆದರೆ ಹೆಚ್ಚು ಅಂದರು. ಜರ್ಮನಿಯ ಮಾಗ್ಡೆಬುರ್ಗ್‌ಗೆ ಬರಬೇಕಿದ್ದ ಇಂಟೆಲ್ ಕಾರ್ಖಾನೆ ರದ್ದಾಯಿತು.

ಕಿರಣ್, ಐಂಡ್‌ಹೋವನ್:
ಚಿಪ್ ಅಂದರೆ ಕಾರ್ಖಾನೆ ಮಾತ್ರ ಅಲ್ಲವಲ್ಲ ಬಸಣ್ಣ. ಇಲ್ಲೇ ನೆದರ್ಲೆಂಡ್ಸ್‌ನಲ್ಲಿ, ನಮ್ಮ ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಎಎಸ್‌ಎಂಎಲ್ ಇದೆ. ಬೆಳಕಿನಿಂದ ಚಿಪ್ ಮೇಲೆ ಸೂಕ್ಷ್ಮ ಗೆರೆ ಮೂಡಿಸುವ ಇಯುವಿ ಲಿಥೋಗ್ರಫಿ ಯಂತ್ರ ಮಾಡಿ ಮಾರುವ ಕಂಪನಿ ಜಗತ್ತಿನಲ್ಲೇ ಇದೊಂದು. ಕರಗಿದ ತವರದ ಸಣ್ಣ ಹನಿಗಳು ಸೆಕೆಂಡಿಗೆ 50,000ದಂತೆ ಉದುರುತ್ತವೆ. ಒಂದೊಂದು ಹನಿಗೂ ಎರಡೆರಡು ಸಲ ಲೇಸರ್ ಬಡಿಯುತ್ತದೆ, ಆಗ ಬೇಕಾದ ಬೆಳಕು ಹುಟ್ಟುತ್ತದೆ. ಲೇಸರ್ ಜರ್ಮನಿಯ ಟ್ರುಂಪ್ ಕಂಪನಿಯದು, ಕನ್ನಡಿ ಅಲ್ಲಿನ ಝೈಸ್‌ನದು. ತೈವಾನ್ ಆಗಲಿ, ಕೊರಿಯಾ ಆಗಲಿ, ಅಮೆರಿಕ ಆಗಲಿ, ಮುಂದುವರಿದ ಚಿಪ್ ಬೇಕೆಂದರೆ ಈ ಊರಿಗೆ ಬರಲೇಬೇಕು.

ಕೈಯಲ್ಲಿ ಇಂಥದ್ದಿದ್ದೂ ಯುರೋಪ್ ಅದನ್ನು ಚೌಕಾಸಿಗೆ ಬಳಸಿಲ್ಲ. ಬಳಸಿದ್ದು ವಾಷಿಂಗ್ಟನ್. ಚೀನಾಕ್ಕೆ ಇಯುವಿ ಕೊಡಬೇಡಿ ಅಂತ ಒತ್ತಡ ಹಾಕಿತು, ಡಚ್ ಸರ್ಕಾರ ಪರವಾನಗಿ ಕೊಡಲೇ ಇಲ್ಲ. ಬೆಳಕಿನ ಮೂಲದ ಭಾಗ ಬರುವುದು ಸ್ಯಾನ್ ಡಿಯಾಗೋದ ಸೈಮರ್‌ನಿಂದ. ಎಎಸ್‌ಎಂಎಲ್ 2013ರಲ್ಲೇ ಅದನ್ನು ಕೊಂಡಿದೆ. ಆದರೂ ತಯಾರಾಗುವುದು ಅಮೆರಿಕದ ನೆಲದಲ್ಲಿ, ಅಲ್ಲಿನ ಕಾನೂನಿನ ಕೆಳಗೆ. ನನ್ನ ಪ್ರಕಾರ ಯುರೋಪಿಗೆ ಕಮ್ಮಿ ಇರುವುದು ತಂತ್ರಜ್ಞಾನ ಅಲ್ಲ, ಧೈರ್ಯ.

ಸುಜಾತಾ, ಹ್ಯಾಂಬರ್ಗ್:
ಧೈರ್ಯ ಮಾಡಿದ್ದೂ ಉಂಟು. ಯುರೋಪಿನದೇ ಉಪಗ್ರಹ ವ್ಯವಸ್ಥೆ ಗೆಲಿಲಿಯೋ ನ್ಯಾವಿಗೇಶನ್ ನೆನಪಿಸಿಕೊಳ್ಳಿ. 2001ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಬೇಡ ಅಂತ ಪತ್ರ ಬರೆದಿತ್ತು. ಜಿಪಿಎಸ್ ಪುಕ್ಕಟೆ ಸಿಗುವಾಗ ಇದ್ಯಾಕೆ ಅಂತ ಯುರೋಪಿನವರೇ ಬೈದರು. 2016ರ ಡಿಸೆಂಬರ್‌ನಲ್ಲಿ ಸೇವೆ ಶುರುವಾಯಿತು. ಈಗ ನಿಮ್ಮ ಫೋನಿನಲ್ಲೂ ಇರಬಹುದು.

ತಿಪಟೂರು ತಿಮ್ಮ:
ಅದೇ ಗೆಲಿಲಿಯೋ ಉಪಗ್ರಹ 2024ರಲ್ಲಿ ಯಾರ ರಾಕೆಟ್ ಹತ್ತಿ ಹೋಯಿತು ಮೇಡಂ? ಮಸ್ಕ್ ಸಾಹೇಬರ ಫಾಲ್ಕನ್ 9.

ಸುಜಾತಾ, ಹ್ಯಾಂಬರ್ಗ್:
ಹೌದು, ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಸೊಯುಜ್ ರಾಕೆಟ್ ಇಲ್ಲ, ಯುರೋಪಿನದೇ ಏರಿಯಾನ್ 6 ತಡ. 2025ರ ಡಿಸೆಂಬರ್‌ನಲ್ಲಿ ಏರಿಯಾನ್ 6ರಲ್ಲೇ ಎರಡು ಉಪಗ್ರಹ ಹೋದವು. ಅದನ್ನೂ ಬರೆಯಿರಿ.

ಗಂಗಾವತಿ ಬಸು:
ಯುರೋಪ್ ಯುರೋಪ್ ಅಂತ ಒಂದೇ ಉಸಿರಿಗೆ ಹೇಳ್ತಿದ್ದೀವಿ, ಅಲ್ಲೇ ತಪ್ಪು. 2025ರ ಹೇಗ್ ನೇಟೋ ಸಭೆಯಲ್ಲಿ 2035ಕ್ಕೆ ಜಿಡಿಪಿಯ 5% ರಕ್ಷಣೆಗೆ ಅಂತ ಒಪ್ಪಿದರು. ಸ್ಪೇನಿನ ಪ್ರಧಾನಿ ಸಾಂಚೆಝ್ ನಮಗೆ 2.1% ಸಾಕು ಅಂದರು. ಪೋಲೆಂಡ್ ಆಗಲೇ 4% ದಾಟಿದೆ, ಆದರೆ ಟ್ಯಾಂಕ್ ಕೊಂಡದ್ದು ಕೊರಿಯಾದಿಂದ. ಜರ್ಮನಿಯವರ ಟ್ಯಾಂಕಿಗೆ ವರ್ಷಗಟ್ಟಲೆ ಕಾಯುವಷ್ಟು ಪುರುಸೊತ್ತು ಅವರಿಗಿಲ್ಲ. ರಷ್ಯಾ ಗಡಿಯಿಂದ ಎಷ್ಟು ದೂರವೋ ಅಷ್ಟು ಸ್ವಾವಲಂಬನೆ ಭಾಷಣ. ಹತ್ತಿರ ಇರುವವನಿಗೆ ಬೇಕಾದದ್ದು ನಾಳೆ ಬೆಳಿಗ್ಗೆ ಕೈಗೆ ಸಿಗುವ ಸಾಮಾನು.

ಕಿರಣ್, ಐಂಡ್‌ಹೋವನ್:
ಇದು ಒಪ್ಪುವ ಮಾತು. ಆದರೆ ಡೆನ್ಮಾರ್ಕ್ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಬಿಟ್ಟು ಫ್ರಾನ್ಸ್-ಇಟಲಿಯ ಎಸ್‌ಎಎಂಪಿ/ಟಿ ಕ್ಷಿಪಣಿ ವ್ಯವಸ್ಥೆ ಆರಿಸಿತು. ಗ್ರೀನ್‌ಲ್ಯಾಂಡ್ ಕೊಡಿ ಅಂತ ಟ್ರಂಪ್ ಅವರಿಂದ ಪೀಡಿಸಿಕೊಂಡ ದೇಶ ಅದು.

ಗಂಗಾವತಿ ಬಸು:
ಅದಾದ ಮುಂದಿನ ತಿಂಗಳೇ ಅದೇ ಡೆನ್ಮಾರ್ಕ್ ಇನ್ನೂ 16 ಎಫ್-35 ಬೇಕು ಅಂತ ಘೋಷಿಸಿತಲ್ಲ ಕಿರಣ್! ಅದಕ್ಕೇನಂತೀರಿ?

ರಾವ್, ಜಯನಗರ (ನಿವೃತ್ತ):
ಅದಕ್ಕೆ ನಾನು ಹೇಳುತ್ತೇನೆ. ಅವರು ಮೊದಲೇ 27 ಎಫ್-35ಕ್ಕೆ ಆರ್ಡರ್ ಕೊಟ್ಟಿದ್ದಾರೆ. ಪೈಲಟ್‌ಗಳು ಅದರಲ್ಲೇ ಕಲಿತಿದ್ದಾರೆ, ಹ್ಯಾಂಗರ್ ಅದಕ್ಕೇ ಕಟ್ಟಿದ್ದಾರೆ, ಮೆಕ್ಯಾನಿಕ್‌ಗಳ ತರಬೇತಿಯೂ ಅದರದೇ. ಇನ್ನೊಂದು ಜಾತಿಯ ವಿಮಾನ ತಂದರೆ ಇಷ್ಟನ್ನೂ ಇನ್ನೊಮ್ಮೆ ಮಾಡಬೇಕು. ಕ್ಷಿಪಣಿ ವ್ಯವಸ್ಥೆ ಅವರಿಗೆ ಹೊಸದು, ಹಳೆಯ ಗಂಟು ಇರಲಿಲ್ಲ. ಅಲ್ಲಿ ಮನಸ್ಸಿಗೆ ಬಂದದ್ದನ್ನು ಆರಿಸಿದರು.